ಅನ್ಯಲೋಕದ ಆಕ್ರಮಣ: ಒಂದು ಕ್ರೀಡಾಪ್ರಕಾರದ ಪರಿಶೀಲನೆ

ಕಾವ್ಯ, ನಾಟಕ, ಬಯಲಾಟಗಳನ್ನು ಬಿಟ್ಟು ವಿಡಿಯೊ ಗೇಮ್ ಎಂಬ ವಸ್ತುವನ್ನು ಕನ್ನಡ ಪಂಡಿತನೊಬ್ಬನು ವಿಚಾರಕ್ಕೆ ತೆಗೆದುಕೊಳ್ಳುವುದು ಕೆಲವು ಹಿರಿಯರಿಗೆ ಅಸಮಂಜಸವೆನಿಸಬಹುದು. ಆದರೆ ಕಥೆ ಎಲ್ಲಿದೆಯೋ ಅಲ್ಲಿ ಸಾಹಿತ್ಯದ ಅಧ್ಯಾಪಕನಿಗೆ ಕೆಲಸವೂ ಇದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಳ್ಳಿಗಳಿಂದ ಶಾಲೆಗೆ ಬರುವ ಮಕ್ಕಳು ಅಜ್ಜಿಯ ಬಾಯಿಂದ ಕೇಳುವುದಕ್ಕಿಂತ ಹೆಚ್ಚಿನ ಕಥೆಯನ್ನು ಇಂದು ಮೊಬೈಲಿನ ಪರದೆಯ ಮೇಲೆ ಆಡಿ ತಿಳಿಯುತ್ತಾರೆ. ಅಂತಹ ಕಥೆಗಳಲ್ಲಿ ಬಹು ಪ್ರಬಲವಾದುದು ಒಂದುಂಟು: ಅನ್ಯಗ್ರಹದ ಜೀವಿಗಳು ಭೂಮಿಗೆ ಲಗ್ಗೆಯಿಡುತ್ತವೆ; ಆಡುವವನು ಬದುಕುಳಿಯಬೇಕು. ಇದನ್ನು ನಿಲ್ಲಿಸಿರೆಂದು ಪೋಷಕರು ಅಧ್ಯಾಪಕರನ್ನು ಕೇಳುತ್ತಾರೆ. ನಿಲ್ಲಿಸಬೇಕೋ ಬೇಡವೋ ಎಂಬ ತೀರ್ಪಿಗೆ ಮುನ್ನ, ಆ ಆಟವು ಆಡುವವನಿಗೆ ಏನನ್ನು ಅಭ್ಯಾಸ ಮಾಡಿಸುತ್ತದೆ ಎಂಬುದನ್ನು ಅರಿಯುವುದು ಅವಶ್ಯವೆಂದು ತಿಳಿದು ಈ ಪರಿಶೀಲನೆಗೆ ತೊಡಗಿದ್ದೇನೆ.

ಬಲಿಷ್ಠನಾದ ಆಕ್ರಮಣಕಾರನೆದುರು ದುರ್ಬಲರು ಬದುಕುಳಿಯುವ ಆಟ ನಮಗೆ ಹೊಸದಲ್ಲ. ಹಳೆಯ ದೇವಾಲಯಗಳ ಕಲ್ಲುಹಾಸಿನ ಮೇಲೆ ಹುಲಿ-ಕುರಿ ಆಟದ ಗೆರೆಗಳನ್ನು ಕೊರೆದಿರುವುದನ್ನು ವಾಚಕರಲ್ಲಿ ಅನೇಕರು ಕಂಡಿರಬೇಕು. ಹುಲಿಗಳು ಮೂರು, ಕುರಿಗಳು ಹದಿನೈದು. ಹುಲಿಯು ಕುರಿಯ ಮೇಲೆ ಹಾರಿ ಅದನ್ನು ಕೊಲ್ಲಬಲ್ಲುದು. ಕುರಿಗೆ ಕೊಲ್ಲುವ ಶಕ್ತಿಯೇ ಇಲ್ಲ. ಹುಲಿಗೆ ಹೆಜ್ಜೆಯಿಡಲು ಎಡೆಯಿಲ್ಲದಂತೆ ಸುತ್ತಲೂ ನಿಂತು ಕಟ್ಟಿಹಾಕುವುದೊಂದೇ ಕುರಿಗಳಿಗಿರುವ ದಾರಿ. ಅವಸರಪಟ್ಟ ಕುರಿ ಸಾಯುತ್ತದೆ. ಹುಲಿಯ ಮುಂದಿನ ನೆಗೆತವನ್ನು ಊಹಿಸಿದ ಕುರಿ ಉಳಿಯುತ್ತದೆ. ಉಭಯ ಪಕ್ಷಗಳಿಗೂ ಸಮಾನ ಬಲವಿರುವ ಚದುರಂಗಕ್ಕಿಂತ ಈ ಹಳ್ಳಿಯ ಆಟವೇ ನಮ್ಮ ಪ್ರಸ್ತುತ ವಿಷಯಕ್ಕೆ ಹತ್ತಿರದ ಬಂಧು.

ಅನ್ಯಲೋಕದ ಆಕ್ರಮಣವೆಂಬ ಕಥಾವಸ್ತುವಿಗೆ ಆಧುನಿಕ ರೂಪವನ್ನು ಕೊಟ್ಟವನು ಇಂಗ್ಲೆಂಡಿನ ಎಚ್. ಜಿ. ವೆಲ್ಸ್. ಆತನ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿಯು ೧೮೯೭ರಲ್ಲಿ ಧಾರಾವಾಹಿಯಾಗಿ, ೧೮೯೮ರಲ್ಲಿ ಪುಸ್ತಕವಾಗಿ ಹೊರಬಂದಿತು. ಮಂಗಳಗ್ರಹದವರು ಇಂಗ್ಲೆಂಡಿನ ನೆಲಕ್ಕಿಳಿದು, ಮೂರು ಕಾಲಿನ ಯಂತ್ರಗಳನ್ನೇರಿ, ಉರಿಕಿರಣದಿಂದ ಊರುಗಳನ್ನು ಸುಡುತ್ತಾರೆ. ತೋಪುಗಳೂ ಸೈನ್ಯವೂ ಅವರ ಮುಂದೆ ನಿಲ್ಲಲಾರವು. ಕಡೆಗೆ ಅವರನ್ನು ಕೊಂದದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಭೂಮಿಯ ರೋಗಾಣುಗಳನ್ನು ತಾಳಿಕೊಳ್ಳುವ ಶಕ್ತಿ ಆ ಪರಕೀಯ ದೇಹಗಳಲ್ಲಿರಲಿಲ್ಲ. ಸಾಮ್ರಾಜ್ಯದ ಪ್ರಜೆಯೊಬ್ಬನು, ತನ್ನ ನಾಡೇ ಪರರ ವಶವಾದರೆ ಹೇಗಿದ್ದೀತೆಂದು ಊಹಿಸಿ ಬರೆದ ಕಥೆ ಇದು. ಯುರೋಪಿನವರು ಟಾಸ್ಮೇನಿಯದ ಮೂಲನಿವಾಸಿಗಳನ್ನು ಅಳಿಸಿದುದನ್ನು ಆತ ಮೊದಲ ಅಧ್ಯಾಯದಲ್ಲೇ ನೆನೆಯುತ್ತಾನೆ. ಈ ಆತ್ಮಪರೀಕ್ಷೆಯ ಧ್ವನಿ ಆತನ ಅನುಕರಣಕಾರರಲ್ಲಿ ಬಹುಮಟ್ಟಿಗೆ ಉಳಿಯಲಿಲ್ಲವೆಂಬುದು ಖೇದದ ಸಂಗತಿ.

ಎಂಬತ್ತು ವರ್ಷಗಳ ತರುವಾಯ, ೧೯೭೮ರಲ್ಲಿ, ಜಪಾನಿನ ಟೈಟೊ ಕಂಪನಿಯ ತೊಮೊಹಿರೊ ನಿಶಿಕಾಡೊ ಎಂಬ ತಂತ್ರಜ್ಞನು ‘ಸ್ಪೇಸ್ ಇನ್ವೇಡರ್ಸ್’ ಎಂಬ ಆಟವನ್ನು ರಚಿಸಿದನು. ಅದಕ್ಕೆ ಬೇಕಾದ ಯಂತ್ರವನ್ನೂ ಯಂತ್ರಕ್ಕೆ ಕೊಡಬೇಕಾದ ಸೂಚನೆಗಳನ್ನೂ ಆತನೇ ಸಿದ್ಧಪಡಿಸಿದನು. ಶತ್ರುಗಳ ಆಕಾರಕ್ಕೆ ಪ್ರೇರಣೆ ವೆಲ್ಸನ ಅಷ್ಟಪದಿಯಂತಹ ಮಂಗಳವಾಸಿಗಳು. ಮನುಷ್ಯರನ್ನು ಗುರಿಯಾಗಿಸಿ ಗುಂಡು ಹಾರಿಸುವ ಆಟ ಸಲ್ಲದೆಂದು ಕಂಪನಿಯವರು ಭಾವಿಸಿದುದರಿಂದ ಗುರಿಗಳು ಅನ್ಯಲೋಕದವರಾದರು. ಸಾಲಿಗೆ ಹನ್ನೊಂದರಂತೆ ಐದು ಸಾಲು, ಒಟ್ಟು ೫೫ ಜೀವಿಗಳು, ಪಕ್ಕಕ್ಕೆ ಸರಿಯುತ್ತ ಕೆಳಗಿಳಿಯುತ್ತವೆ. ಅವು ಕಡಿಮೆಯಾದಂತೆಲ್ಲ ಉಳಿದವುಗಳ ವೇಗ ಹೆಚ್ಚುತ್ತದೆ. ಇದು ಮೊದಲೇ ಯೋಚಿಸಿ ಮಾಡಿದ ಕೌಶಲವಲ್ಲ. ಚಿತ್ರಿಸಬೇಕಾದ ಆಕೃತಿಗಳು ಕಡಿಮೆಯಾದಾಗ ಯಂತ್ರದ ಹೊರೆ ಇಳಿದು ಅದು ತಾನಾಗಿಯೇ ಚುರುಕಾಯಿತು. ರಚಿಸಿದವನು ಅದನ್ನು ಹಾಗೆಯೇ ಉಳಿಸಿಕೊಂಡನು. ಒಂದು ದಂಡು ನಾಶವಾದರೆ ಮತ್ತೊಂದು ಇಳಿಯುತ್ತದೆ. ಅಲ್ಲಿ ಗೆಲುವೆಂಬುದಿಲ್ಲ, ಎಷ್ಟು ಹೊತ್ತು ಉಳಿದೆ ಎಂಬುದೊಂದೇ ಲೆಕ್ಕ.

ಮುಂದೆ ಈ ಉದ್ಯಮವು ಸಾವಿರಾರು ಜನ ದುಡಿಯುವ ಭಾರೀ ಕಂಪನಿಗಳ ಕೈಸೇರಿತು. ಅಂತಹ ಬಂಡವಾಳದ ಆಶ್ರಯವಿಲ್ಲದೆ ಕೆಲವರೇ ಕೂಡಿ ತಮ್ಮ ಇಚ್ಛೆಯಂತೆ ರಚಿಸುವ ಆಟಗಳಿಗೆ ಸ್ವತಂತ್ರ ಆಟಗಳೆಂದು ಹೆಸರು. ಇವರನ್ನು ನೆನೆದಾಗ ಪುಸ್ತಕಗಳನ್ನು ತಾವೇ ಅಚ್ಚು ಮಾಡಿಸಿ, ತಾವೇ ಹೊತ್ತು ಊರೂರು ತಿರುಗಿ ಮಾರಿದ ಗಳಗನಾಥರು ಕಣ್ಣ ಮುಂದೆ ಬರುತ್ತಾರೆ. ಲಂಡನ್ನಿನ ಗೋಲ್ಡ್‌ಹಾಕ್ ಇಂಟರಾಕ್ಟಿವ್ ಎಂಬ ಸಣ್ಣ ತಂಡದವರು ೨೦೧೪ರಲ್ಲಿ ಪೂರ್ಣಗೊಳಿಸಿದ ‘ಜೆನೊನಾಟ್ಸ್’ ಇಂತಹ ಒಂದು ಆಟ. ೨೦೧೨ರಲ್ಲಿ ಅವರು ಸಾರ್ವಜನಿಕರಲ್ಲಿ ೫೦,೦೦೦ ಡಾಲರುಗಳ ನೆರವನ್ನು ಬೇಡಿದರು. ಅದರ ಮೂರರಷ್ಟು ಹಣ ಬಂದಿತು. ರೈತರು ಕಣದಿಂದ ತಂದಿಟ್ಟ ಜೋಳದ ಚೀಲಗಳಿಂದ ಗೋಡೆ ಎದ್ದ ಶಾಲೆಗಳನ್ನು ಬಲ್ಲ ನಮ್ಮ ದಾನಿಗಳಿಗೆ ಈ ಕ್ರಮವನ್ನು ವಿವರಿಸಿ ಹೇಳಬೇಕಾಗಿಲ್ಲ.

‘ಜೆನೊನಾಟ್ಸ್’ ಆಟದ ಕಾಲ ೧೯೭೯. ಅಮೆರಿಕ, ಸೋವಿಯತ್ ಒಕ್ಕೂಟಗಳು ಪರಸ್ಪರ ಗುರಿಯಿಟ್ಟು ಕುಳಿತಿದ್ದ ಆ ದಿನಗಳಲ್ಲಿ ಅನ್ಯಗ್ರಹದ ನೌಕೆಗಳು ಭೂಮಿಗೆ ಬರುತ್ತವೆ. ಆಡುವವನು ಒಂದು ಅಂತರರಾಷ್ಟ್ರೀಯ ರಕ್ಷಣಾಪಡೆಯ ಮುಖ್ಯಸ್ಥ. ಆತನ ಬಳಿ ಇರುವ ಆಯುಧಗಳು ಶತ್ರುವಿನ ಆಯುಧಗಳ ಮುಂದೆ ಆಟಿಕೆಗಳಂತೆ. ಆದ್ದರಿಂದ ಆತ ಮೊದಲು ನೆಲೆಯೊಂದನ್ನು ಕಟ್ಟಿ, ರೇಡಾರ್ ನಿಲ್ಲಿಸಿ, ಆಕಾಶವನ್ನು ಕಾಯಬೇಕು. ಬಿದ್ದ ನೌಕೆಯ ಬಳಿಗೆ ತನ್ನವರನ್ನು ಕಳಿಸಿ, ಸರದಿಯ ಪ್ರಕಾರ ಒಂದೊಂದೇ ಹೆಜ್ಜೆ ನಡೆಸಬೇಕು. ಬಾಗಿಲ ಮರೆಯಲ್ಲಿ ಏನಿದೆಯೆಂದು ನೋಡದೆ ನುಗ್ಗಿಸಿದರೆ ಆ ಯೋಧ ಸಾಯುತ್ತಾನೆ. ಸತ್ತವನು ಮರಳಿ ಬರುವುದಿಲ್ಲ. ಗೆದ್ದ ಮೇಲೆಯೂ ಕೆಲಸ ಮುಗಿಯದು. ನೌಕೆಯ ಅವಶೇಷಗಳನ್ನು ತಂದು, ಶತ್ರುವಿನ ಶರೀರವನ್ನೂ ಆಯುಧವನ್ನೂ ಪರೀಕ್ಷಿಸಿ, ಅದರ ಮರ್ಮವನ್ನು ತಿಳಿದರೆ ಮಾತ್ರ ಮುಂದಿನ ದಾಳಿಯನ್ನು ತಡೆಯಲು ಸಾಧ್ಯ. ಇತ್ತ ಒಂದು ಭೂಭಾಗದ ರಕ್ಷಣೆಯನ್ನು ಅಲಕ್ಷಿಸಿದರೆ ಅಲ್ಲಿಯವರು ಧನಸಹಾಯವನ್ನು ನಿಲ್ಲಿಸುತ್ತಾರೆ. ಬಂದೂಕಿಗಿಂತ ಲೆಕ್ಕದ ಪುಸ್ತಕವೂ ಪ್ರಯೋಗಶಾಲೆಯೂ ಇಲ್ಲಿ ಹೆಚ್ಚು ಜನರನ್ನು ಉಳಿಸುತ್ತವೆ.

ರಸದೃಷ್ಟಿಯಿಂದ ನೋಡಿದರೆ ಈ ಎರಡು ಆಟಗಳ ಭೇದ ಸ್ಪಷ್ಟವಾಗುತ್ತದೆ. ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿ ಭಯವೇ ಸ್ಥಾಯಿ. ಹೆಚ್ಚುವ ವೇಗ ಅದಕ್ಕೆ ಉದ್ದೀಪನ. ‘ಜೆನೊನಾಟ್ಸ್’ ಆಟದಲ್ಲಿ ವೀರಕ್ಕೆ ಸ್ಥಾಯಿಯಾದ ಉತ್ಸಾಹವಿದ್ದರೂ ಅದನ್ನು ಪೋಷಿಸುವ ಸಂಚಾರಿಗಳು ಮತಿ, ಧೃತಿ, ವಿತರ್ಕಗಳು. ಆಡುವವನು ತಾನೇ ಹೆದರುವುದರಿಂದ ಅದು ಲೌಕಿಕ ಭಯವೇ ಹೊರತು ರಸವಾಗದೆಂದು ಪೂರ್ವಪಕ್ಷ ಮಾಡಬಹುದು. ಸೋತವನು ನಕ್ಕು ಮತ್ತೆ ಮೊದಲಿನಿಂದ ಆರಂಭಿಸುತ್ತಾನೆಂಬುದೇ ಅದಕ್ಕೆ ಸಾಕಷ್ಟು ಸಮಾಧಾನ. ಈ ಚರ್ಚೆಯನ್ನು ಇಲ್ಲಿ ಬೆಳೆಸುವುದಿಲ್ಲ. ಅಧ್ಯಾಪಕರು ಗಮನಿಸಬೇಕಾದುದು ಇಷ್ಟೆ: ಮಗುವು ಆಡುವ ಆಟದಲ್ಲಿ ಬೆರಳು ಮಾತ್ರ ದುಡಿಯುತ್ತಿದೆಯೋ, ವಿತರ್ಕವೂ ದುಡಿಯುತ್ತಿದೆಯೋ?

ಇಂಗ್ಲಿಷಿನಲ್ಲಿ ಅನ್ಯಗ್ರಹದ ಜೀವಿಗೂ, ಹೊರನಾಡಿನಿಂದ ಬಂದು ನೆಲೆಯೂರುವ ಕಳೆ-ಕೀಟಗಳಿಗೂ ಏಲಿಯನ್ ಎಂಬ ಒಂದೇ ಮಾತು ಸಲ್ಲುತ್ತದೆ. ಕನ್ನಡದಲ್ಲಿ ನಾವು ಎರಡಕ್ಕೂ ಬೇರೆ ಬೇರೆ ಮಾತುಗಳನ್ನಾಡುವುದರಿಂದ ಅವುಗಳ ಸಾದೃಶ್ಯವು ನಮ್ಮ ಗಮನಕ್ಕೆ ಬರುವುದು ಕಡಿಮೆ. ಆದರೆ ಅಂತಹ ಆಕ್ರಮಣವೊಂದು ನಮ್ಮ ಮಕ್ಕಳ ಮನೆಯ ಹೊಲದಲ್ಲೇ ನಡೆದಿದೆ. ೨೦೧೮ರ ಮೇ ತಿಂಗಳಿನಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ, ಅಲ್ಲಿಯ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು, ಭಾರತದಲ್ಲಿ ಅದುವರೆಗೆ ಕಾಣದಿದ್ದ ಫಾಲ್ ಸೈನಿಕ ಹುಳುವನ್ನು ಗುರುತಿಸಿದರು. ಅದರ ತವರು ಅಮೆರಿಕ ಖಂಡ. ೨೦೧೬ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡು, ಎರಡೇ ವರ್ಷಗಳಲ್ಲಿ ಇಲ್ಲಿಗೆ ಬಂದಿತು. ಇದರ ಪತಂಗವು ಒಂದು ರಾತ್ರಿಯಲ್ಲಿ ೧೦೦ ಕಿಲೋಮೀಟರಿನವರೆಗೂ ಹಾರಬಲ್ಲುದು. ಶಿವಮೊಗ್ಗದಿಂದ ನ್ಯಾಮತಿಯಾಗಲಿ, ಹೊನ್ನಾಳಿ, ಚನ್ನಗಿರಿಗಳಾಗಲಿ ಅದಕ್ಕೆ ಎಷ್ಟರ ದೂರ! ಮೆಕ್ಕೆಜೋಳಕ್ಕೆ ಹೆಸರಾದ ದಾವಣಗೆರೆ ಜಿಲ್ಲೆಯಲ್ಲಿ ಅದೇ ಮುಂಗಾರಿನಲ್ಲಿ ಹುಳು ಕಾಣಿಸಿಕೊಂಡಿತು. ಮಳೆಯನ್ನೇ ನಂಬಿದ ಜಗಳೂರಿನ ರೈತನಿಗೆ ಒಂದು ಬೆಳೆ ಹೋದರೆ ಆ ವರ್ಷವೇ ಹೋದಂತೆ. ಹೊಲದ ಪಾಡು ಹೀಗಾದಾಗ ಶಾಲೆ ಬಿಡುವ ಮಗು ಯಾವ ಮನೆಯದೆಂದು ನಮ್ಮ ಅಧ್ಯಾಪಕರು ಬಲ್ಲರು.

ಆಟದ ನಿಯಮಗಳು ಇಲ್ಲಿ ಅಕ್ಷರಶಃ ನಿಜವಾದುದನ್ನು ನೋಡಿರಿ. ಹೆಣ್ಣು ಪತಂಗವು ಎಲೆಯ ಮೇಲೆ ಗುಂಪುಗುಂಪಾಗಿ ಇಡುವ ಮೊಟ್ಟೆಗಳು ಅದರ ಜೀವಮಾನದಲ್ಲಿ ಸಾವಿರವನ್ನು ಮೀರುವುದುಂಟು. ಎರಡು ಮೂರು ದಿನಗಳಲ್ಲಿ ಮರಿಹುಳುಗಳು ಹೊರಬರುತ್ತವೆ. ಮೊದಲ ಹಂತಗಳಲ್ಲಿ ಎಲೆಯ ಹಸಿರನ್ನು ಕೆರೆದು ತಿನ್ನುವಾಗ ಎಲೆಯ ಮೇಲೆ ಬಿಳಿಯ ಕಿಟಕಿಗಳಂತಹ ಗುರುತು ಮೂಡುತ್ತದೆ. ಆಗಲೇ ಕಂಡುಕೊಂಡರೆ ಉಳಿವಿದೆ. ಬೆಳೆದ ಹುಳು ಸುಳಿಯೊಳಗೆ ಸೇರಿಕೊಂಡು, ಮರದ ಹೊಟ್ಟಿನಂತಹ ತನ್ನ ಹಿಕ್ಕೆಯನ್ನೇ ಕೋಟೆಯ ಬಾಗಿಲಾಗಿ ಒಡ್ಡಿಕೊಳ್ಳುತ್ತದೆ. ಹೊರಗೆ ಸುರಿದ ಔಷಧಿ ಅದಕ್ಕೆ ತಾಕುವುದಿಲ್ಲ. ಇದನ್ನು ನಮ್ಮ ಹಳೆಯ ಹುಳುಗಳಿಂದ ಬೇರ್ಪಡಿಸುವ ಲಕ್ಷಣಗಳು ಎರಡು: ತಲೆಯ ಮೇಲೆ ತಲೆಕೆಳಗಾದ ವೈ ಅಕ್ಷರದಂತಹ ಗೆರೆ, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಶಿಲಾಶಾಸನದ ಅಕ್ಷರವನ್ನು ಓದುವಷ್ಟೇ ಎಚ್ಚರದಿಂದ ಇದನ್ನು ಓದಬೇಕು. ಶತ್ರು ಯಾರೆಂದು ಅರಿಯದೆ ಕೈಗೆ ಸಿಕ್ಕ ಔಷಧಿಯನ್ನು ಸುರಿದವರಿಗೆ ಸಾಲ ಉಳಿಯಿತು, ಹುಳುವೂ ಉಳಿಯಿತು.

ವೆಲ್ಸನ ಕಥೆಯ ಉಪಸಂಹಾರವೂ ಇಲ್ಲಿ ಪುನರಾವರ್ತನೆಯಾದುದು ಸೋಜಿಗ. ಮಳೆಗಾಲದ ತೇವದಲ್ಲಿ ಮೆಟಾರೈಜಿಯಂ ರೈಲೆಯಿ ಎಂಬ ಶಿಲೀಂಧ್ರವು ಈ ಹುಳುವಿಗೆ ತಗುಲಿ ಅದನ್ನು ಕೊಲ್ಲುತ್ತಿರುವುದನ್ನು ವಿಜ್ಞಾನಿಗಳು ಕರ್ನಾಟಕದ ಹೊಲಗಳಲ್ಲೇ ಕಂಡರು. ಶಿಲೀಂಧ್ರ ಬೆಳೆದ ಹುಳು ಗಟ್ಟಿಯಾಗಿ ಸುಳಿಗೆ ಅಂಟಿಕೊಂಡಿರುತ್ತದೆ. ಇದಲ್ಲದೆ ಟ್ರೈಕೊಗ್ರಾಮ ಎಂಬ ಅತಿ ಸಣ್ಣ ಕಣಜವು ಸೈನಿಕ ಹುಳುವಿನ ಮೊಟ್ಟೆಯೊಳಗೆ ತನ್ನ ಮೊಟ್ಟೆಯನ್ನಿಡುತ್ತದೆ. ಕಾದಂಬರಿಯಲ್ಲಿ ಸೂಕ್ಷ್ಮಜೀವಿಗಳು ದೈವವಶಾತ್ ಸಹಾಯಕ್ಕೆ ಬಂದವು. ಹೊಲದಲ್ಲಿ ಅವುಗಳನ್ನು ಉಳಿಸುವುದೂ ಅಳಿಸುವುದೂ ರೈತನ ಕೈಯಲ್ಲಿದೆ. ಕಂಡಕಂಡಂತೆ ವಿಷ ಸಿಂಪಡಿಸಿದರೆ ಮೊದಲು ಸಾಯುವುದು ಈ ಸಣ್ಣ ಮಿತ್ರರೇ.

ಇಷ್ಟು ಹೇಳಿದ ಮೇಲೆ, ಅನ್ಯವಾದುದೆಲ್ಲ ಶತ್ರುವೆಂದು ಮಕ್ಕಳು ತಿಳಿದುಬಿಟ್ಟಾರೆಂಬ ಶಂಕೆ ಏಳುತ್ತದೆ. ಈ ಪ್ರಕಾರದ ಆಟಗಳ ಮೇಲೆ ನನ್ನ ಮುಖ್ಯವಾದ ಆಕ್ಷೇಪವೂ ಇದೇ. ಬಂದವನು ಯಾರು, ಏಕೆ ಬಂದ ಎಂದು ಕೇಳಲು ಅಲ್ಲಿ ಅವಕಾಶವಿರುವುದು ಅಪರೂಪ. ಬಂದವನನ್ನು ಯಾರವನೆಂದು ಕೇಳದೆ ಮನೆಯ ಮಗನೆಂದು ಎಣಿಸಬೇಕೆಂದ ಬಸವಣ್ಣನವರ ವಚನವನ್ನು ಪ್ರಾರ್ಥನೆಯಲ್ಲಿ ಹೇಳಿ ತರಗತಿಗೆ ಬರುವ ಮಗು, ಸಂಜೆ ಪರದೆಯ ಮೇಲೆ ಬಂದವನನ್ನೆಲ್ಲ ಸುಡುತ್ತದೆ. ಇದಕ್ಕೆ ಉತ್ತರವೂ ಮೆಕ್ಕೆಜೋಳದ ಹೊಲದಲ್ಲೇ ಇದೆ. ನಾವು ಹುಳುವಿನಿಂದ ಕಾಪಾಡಹೊರಟ ಮೆಕ್ಕೆಜೋಳವೇ ಮೆಕ್ಸಿಕೊ ದೇಶದ ಮೂಲದ್ದು. ನಮ್ಮ ಅಡಿಗೆಮನೆಯ ಮೆಣಸಿನಕಾಯಿ, ಶೇಂಗಾ, ಟೊಮ್ಯಾಟೊ ಎಲ್ಲವೂ ಅಮೆರಿಕ ಖಂಡದಿಂದ ಬಂದು ಮನೆಯ ಮಕ್ಕಳಾದವು. ಅದೇ ಖಂಡದಿಂದ ಬಂದ ಹುಳು ಮನೆಯನ್ನು ತಿಂದಿತು. ಎರಡನ್ನೂ ಬೇರ್ಪಡಿಸಿದುದು ಬಂದ ದಿಕ್ಕಲ್ಲ, ಬಂದ ಮೇಲಿನ ನಡತೆ. ಈ ಮಾತನ್ನು ಎಂಟನೆಯ ತರಗತಿಯ ಮಗುವಿಗೆ ತಿಳಿಸಲು ಒಂದು ತೆನೆ ಸಾಕು.

ಆಟವನ್ನು ನಿಂದಿಸುವುದಕ್ಕಿಂತ ಆಟವನ್ನು ಕಟ್ಟಿಸುವುದು ಮೇಲೆಂದು ನನ್ನ ಅಭಿಪ್ರಾಯ. ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಸಂಸ್ಥೆಯು ೧೯೯೭ರಲ್ಲಿಯೇ ಆರಂಭವಾಗಿ ವಿದೇಶೀ ಕಂಪನಿಗಳ ಆಟಗಳಿಗೆ ಚಿತ್ರಗಳನ್ನು ರಚಿಸಿಕೊಟ್ಟಿತು. ಕೈ ನಮ್ಮವರದು, ಕಥೆ ಅನ್ಯರದು. ಇಂದು ಗೊಡೊ ಎಂಬಂತಹ ಆಟ ಕಟ್ಟುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ವಿಜ್ಞಾನದ ಅಧ್ಯಾಪಕರೂ ಕನ್ನಡದ ಅಧ್ಯಾಪಕರೂ ಕೂಡಿ ಕುಳಿತರೆ, ಆರೇಳು ವಿದ್ಯಾರ್ಥಿಗಳು ನಮ್ಮ ಹೊಲದ ಆಕ್ರಮಣವನ್ನೇ ಆಟವಾಗಿಸಬಲ್ಲರು. ಅದಕ್ಕೆ ಒಂದೆರಡು ಒಳ್ಳೆಯ ಯಂತ್ರಗಳನ್ನು ಒದಗಿಸುವುದು ದಾನಿಗಳಿಗೆ ಭಾರವಾಗದು. ಹುಲಿ-ಕುರಿಯಂತೆ ಅದೂ ಸರದಿಯ ಆಟವಾಗಲಿ. ಒಂದು ಸರದಿಗೆ ಒಂದು ದಿನ. ಕಾಣದೆ ಉಳಿದ ಮೊಟ್ಟೆ ಮೂರನೆಯ ಸರದಿಗೆ ಒಡೆಯಲಿ. ವಿಷವನ್ನು ಹೆಚ್ಚು ಸುರಿದವನ ಕಣಜಗಳು ಸಾಯಲಿ, ಸಾಲ ಬೆಳೆಯಲಿ. ಆರಂಭದಲ್ಲಿ ಆಡುವವನ ಕೈಗೆ ಔಷಧಿಯ ಡಬ್ಬಿಯನ್ನು ಕೊಡಬಾರದು. ಮುಂಜಾನೆ ಹೊಲದಲ್ಲಿ ಅಡ್ಡಾದಿಡ್ಡಿ ನಡೆದು, ಐದು ಕಡೆ ನಿಂತು, ಒಂದೊಂದು ಕಡೆಯೂ ಹತ್ತು ಗಿಡಗಳ ಸುಳಿಯನ್ನು ಬಿಡಿಸಿ ನೋಡಿ, ಎಷ್ಟರಲ್ಲಿ ಹುಳುವಿದೆಯೆಂದು ಬರೆದುಕೊಂಡ ಮೇಲೆಯೇ ಆತನಿಗೆ ಎರಡನೆಯ ಸರದಿ ದೊರೆಯಬೇಕು.