ಬಂಕಿನಿಂದ ಬಂಕಿಗೆ ಪೆಟ್ರೋಲು ಬೇರೆಯೇ?

ಪೇಟೆಯ ಒಂದೇ ರಸ್ತೆಯಲ್ಲಿ ಎರಡು ಪೆಟ್ರೋಲ್ ಬಂಕುಗಳು ಎದುರುಬದುರಾಗಿರುವುದನ್ನು ನಾವೆಲ್ಲರೂ ನೋಡಿದ್ದೇವೆ. ಅವುಗಳ ಬಣ್ಣ ಬೇರೆ, ಫಲಕ ಬೇರೆ, ಜಾಹೀರಾತು ಬೇರೆ. ಸ್ಕೂಟರನ್ನೇರಿ ಬಂದವರೊಬ್ಬರು ಹತ್ತಿರದ ಬಂಕನ್ನು ಬಿಟ್ಟು, ವಾಹನಗಳ ಸಾಲನ್ನು ದಾಟಿ, ಎದುರಿನ ಬಂಕಿಗೇ ಹೋಗುತ್ತಾರೆ. ಅಲ್ಲಿಯ ಪೆಟ್ರೋಲು ಎಂಜಿನ್ನಿಗೆ ಒಳ್ಳೆಯದೆಂಬುದು ಅವರ ನಂಬಿಕೆ. ಇನ್ನೊಬ್ಬರು, ಎಲ್ಲವೂ ಒಂದೇ ಬಾವಿಯ ನೀರು, ಕೊಡಗಳು ಮಾತ್ರ ಬೇರೆ, ಎಂದು ನಗುತ್ತಾರೆ. ಇವರಿಬ್ಬರಲ್ಲಿ ಯಾರ ಮಾತು ನಿಜ? ವಿದ್ಯಾರ್ಥಿಗಳು ತರಗತಿಯಲ್ಲಿ ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟಾಗ, ಇಬ್ಬರ ಮಾತೂ ಅರ್ಧ ನಿಜವೆಂದೇ ನಾವು ಉತ್ತರ ಕೊಡಬೇಕಾಯಿತು. ಆ ಎರಡು ಅರ್ಧಗಳನ್ನೂ ಒಂದೊಂದಾಗಿ ಪರೀಕ್ಷಿಸಿ, ಬಳಿಕ ಜೋಡಿಸಿ ನೋಡೋಣ.

ಒಂದೇ ಬಾವಿಯ ನೀರು

ಪೆಟ್ರೋಲು ನೀರಿನಂತೆ ಒಂದೇ ಬಗೆಯ ಅಣುಗಳುಳ್ಳ ವಸ್ತುವಲ್ಲ. ಅದು ನೂರಾರು ಬಗೆಯ ಹೈಡ್ರೊಕಾರ್ಬನ್ನುಗಳ, ಎಂದರೆ ಇಂಗಾಲ ಮತ್ತು ಜಲಜನಕಗಳಿಂದಾದ ಸಂಯುಕ್ತಗಳ, ಮಿಶ್ರಣ. ಇವುಗಳಲ್ಲಿ ಬಹುಪಾಲು ಅಣುಗಳಲ್ಲಿ ನಾಲ್ಕರಿಂದ ಹನ್ನೆರಡರ ವರೆಗೆ ಇಂಗಾಲದ ಪರಮಾಣುಗಳಿರುತ್ತವೆ. ಆದುದರಿಂದ ಪೆಟ್ರೋಲಿಗೆ ಒಂದೇ ಕುದಿಬಿಂದು ಇಲ್ಲ. ಅದು ಸುಮಾರು 30 ಡಿಗ್ರಿ ಸೆಂಟಿಗ್ರೇಡಿನಿಂದ ತೊಡಗಿ ಸುಮಾರು 200 ಡಿಗ್ರಿಯ ವರೆಗೂ ಸ್ವಲ್ಪ ಸ್ವಲ್ಪವಾಗಿ ಕುದಿಯುತ್ತಾ ಹೋಗುತ್ತದೆ. ಇಂಥ ಮಿಶ್ರಣವು ಹೇಗಿರಬೇಕೆಂಬುದನ್ನು ಪ್ರತಿಯೊಂದು ದೇಶವೂ ನಿಯಮದಿಂದ ಗೊತ್ತುಮಾಡುತ್ತದೆ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮದ ಪ್ರಕಾರ, ಪೆಟ್ರೋಲಿನ ಹತ್ತು ಲಕ್ಷ ಭಾಗಗಳಲ್ಲಿ ಗಂಧಕವು ಹತ್ತು ಭಾಗಕ್ಕಿಂತ ಹೆಚ್ಚಿರಕೂಡದು. ಈ ನಿಯಮ ಎಲ್ಲ ಮಾರಾಟಗಾರರಿಗೂ ಒಂದೇ.

ನಿಯಮವು ಒಂದೇ ಆಗಿರುವುದರಿಂದ, ಪೆಟ್ರೋಲನ್ನು ಸಾಗಿಸುವ ಕೊಳವೆಯೂ ಒಂದೇ ಆಗಿರಬಹುದು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಹ್ಯೂಸ್ಟನ್ ನಗರದಿಂದ ನ್ಯೂಯಾರ್ಕ್ ಬಂದರಿನ ವರೆಗೆ ಕೊಲೋನಿಯಲ್ ಎಂಬ ಕೊಳವೆಮಾರ್ಗವಿದೆ. ಹಲವು ಕಂಪನಿಗಳು ಅದರೊಳಗೆ ತಮ್ಮ ಪೆಟ್ರೋಲನ್ನು ತುಂಬುತ್ತವೆ. ತುಂಬಿದ ಕಂಪನಿಗೆ ಆ ತುದಿಯಲ್ಲಿ ದೊರೆಯುವುದು ತಾನು ತುಂಬಿದ ಪೆಟ್ರೋಲೇ ಆಗಬೇಕಾಗಿಲ್ಲ. ಅದೇ ದರ್ಜೆಯ, ಅಷ್ಟೇ ಪ್ರಮಾಣದ ಪೆಟ್ರೋಲು ದೊರೆತರೆ ಸಾಕು. ಬ್ಯಾಂಕಿನಲ್ಲಿ ನೂರು ರೂಪಾಯಿ ಕಟ್ಟಿದವರು ತಾವು ಕೊಟ್ಟ ನೋಟನ್ನೇ ಮರಳಿ ಕೇಳುವುದಿಲ್ಲವಷ್ಟೆ? ನಮ್ಮ ನಾಡಿನಲ್ಲಿಯೂ 2003ರಿಂದ ಮಂಗಳೂರು, ಹಾಸನ, ಬೆಂಗಳೂರುಗಳನ್ನು ಜೋಡಿಸುವ, ಸುಮಾರು 360 ಕಿಲೋಮೀಟರ್ ಉದ್ದದ ಕೊಳವೆಯೊಂದಿದೆ. ಘಟ್ಟವನ್ನು ಹತ್ತಿ ಬರುವ ಆ ಕೊಳವೆಯೊಳಗಿನ ಪೆಟ್ರೋಲಿಗೆ ಯಾವ ಬಂಕಿನ ಬಣ್ಣವೂ ಅಂಟಿರುವುದಿಲ್ಲ.

ಹೀಗೆ ನೋಡಿದರೆ, ಒಂದೇ ಬಾವಿಯ ನೀರೆಂದು ನಕ್ಕವರ ಮಾತು ಬಹುಮಟ್ಟಿಗೆ ಸರಿ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೊಳವೆಯ ತುದಿಯಲ್ಲಿರುವ ದಾಸ್ತಾನು ಕೇಂದ್ರದಲ್ಲಿ, ಟ್ಯಾಂಕರ್ ಲಾರಿಗೆ ಪೆಟ್ರೋಲು ತುಂಬುವ ಹೊತ್ತಿನಲ್ಲಿ, ಒಂದೊಂದು ಕಂಪನಿಯೂ ತನ್ನದೇ ಆದ ಒಂದು ದ್ರವ್ಯವನ್ನು ಅದಕ್ಕೆ ಬೆರಸಬಹುದು. ಅದರ ಪ್ರಮಾಣ ಬಹಳ ಅಲ್ಪ. ಸಾವಿರ ಲೀಟರ್ ಪೆಟ್ರೋಲಿಗೆ ಸಾಮಾನ್ಯವಾಗಿ ಒಂದು ಲೀಟರಿಗಿಂತಲೂ ಕಡಿಮೆ. ಬಂಕಿಗೂ ಬಂಕಿಗೂ ಇರಬಹುದಾದ ವ್ಯತ್ಯಾಸದ ಗುಟ್ಟೆಲ್ಲ ಈ ಸಾವಿರದಲ್ಲೊಂದು ಪಾಲಿನೊಳಗೆ ಅಡಗಿದೆ.

ಕಿಟ್ಟ ಹುಟ್ಟುವ ಬಗೆ

ಆ ದ್ರವ್ಯದ ಕೆಲಸವೇನೆಂಬುದನ್ನು ತಿಳಿಯಲು ಮೊದಲು ನಾವು ಅಡಿಗೆಮನೆಗೆ ಹೋಗಬೇಕು. ಹಪ್ಪಳ ಕರಿಯುವ ಬಾಣಲೆಯ ಅಂಚಿನಲ್ಲಿ, ಎಷ್ಟು ಉಜ್ಜಿದರೂ ಹೋಗದ, ಕಂದುಬಣ್ಣದ ಒಂದು ಜಿಗುಟು ಪದರವಿರುತ್ತದೆ. ಅದು ಹೊರಗಿನಿಂದ ಬಂದ ಕೊಳೆಯಲ್ಲ; ಎಣ್ಣೆಯೇ ಕಾವಿನಲ್ಲಿ ಗಾಳಿಯ ಆಮ್ಲಜನಕದೊಡನೆ ಕೂಡಿ, ಅಣುವಿಗೆ ಅಣು ಹೆಣೆದುಕೊಂಡು, ಗಟ್ಟಿಯಾದುದು. ಪೆಟ್ರೋಲಿನಲ್ಲಿಯೂ ಹೀಗೆ ಹೆಣೆದುಕೊಳ್ಳಲು ಸಿದ್ಧವಾಗಿರುವ ಅಣುಗಳಿವೆ. ಇಂಗಾಲದ ಪರಮಾಣುಗಳ ನಡುವೆ ದ್ವಿಬಂಧವುಳ್ಳ ಒಲಿಫಿನ್ನುಗಳು ಅಂಥವು. ಬಿಸಿಯಾದ ಲೋಹದ ಮೇಲೆ ಅವು ಮೊದಲು ಅಂಟಾಗಿ, ಮುಂದೆ ಕಿಟ್ಟವಾಗಿ ಕೂರುತ್ತವೆ.

ಎಂಜಿನ್ನಿನಲ್ಲಿ ಈ ಕಿಟ್ಟಕ್ಕೆ ಮುಖ್ಯವಾಗಿ ಎರಡು ನೆಲೆಗಳುಂಟು. ಮೊದಲನೆಯದು, ಪೆಟ್ರೋಲನ್ನು ಸಿಂಪಡಿಸುವ ಇಂಜೆಕ್ಟರಿನ ಮೂತಿ. ಓಡಿ ಬಂದ ಎಂಜಿನ್ನನ್ನು ನಿಲ್ಲಿಸಿದ ಕೂಡಲೆ ಅದು ತಣ್ಣಗಾಗುವುದಿಲ್ಲ. ಮೂತಿಯಲ್ಲಿ ಉಳಿದ ಒಂದು ಹನಿ ಪೆಟ್ರೋಲು ಆ ಕಾವಿಗೆ ಸಿಕ್ಕಿ ಆವಿಯಾಗುತ್ತದೆ. ಆವಿಯಾಗಲಾರದ ಭಾಗ ಅಲ್ಲಿಯೇ ಒಣಗಿ ನಿಲ್ಲುತ್ತದೆ. ರಂಧ್ರವೋ ತೀರ ಕಿರಿದು. ದಿನಕ್ಕೊಂದು ತೆಳುಪದರ ಸೇರಿದರೂ ಸಿಂಪಡಿಕೆ ಕೆಡುತ್ತದೆ. ಒಂದು ಸಿಲಿಂಡರಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಪೆಟ್ರೋಲು ದೊರೆಯುತ್ತದೆ.

ಎರಡನೆಯ ನೆಲೆ, ಗಾಳಿ ಮತ್ತು ಪೆಟ್ರೋಲನ್ನು ಸಿಲಿಂಡರಿನೊಳಕ್ಕೆ ಬಿಡುವ ಪ್ರವೇಶ ಕವಾಟದ ಬೆನ್ನು. ಇಲ್ಲಿ ಪೆಟ್ರೋಲಿನ ಅಂಟಿನ ಜೊತೆಗೆ ಎಂಜಿನ್ ಎಣ್ಣೆಯ ಆವಿಯೂ ಸೇರಿಕೊಂಡು, ಸುಟ್ಟು, ರಂಧ್ರಮಯವಾದ ಕರಿಯ ಕಿಟ್ಟವಾಗುತ್ತದೆ. ಬೆಳಗಿನ ಚಳಿಯಲ್ಲಿ ಎಂಜಿನ್ನನ್ನು ಎಬ್ಬಿಸಿದಾಗ ಈ ಕಿಟ್ಟ ಸ್ಪಂಜಿನಂತೆ ಪೆಟ್ರೋಲನ್ನು ಹೀರಿಕೊಳ್ಳುವುದರಿಂದ ಸಿಲಿಂಡರಿಗೆ ಹೋಗುವ ಮಿಶ್ರಣ ತೆಳುವಾಗುತ್ತದೆ. ವಾಹನ ತಡವರಿಸುತ್ತದೆ, ಹೊಗೆನಳಿಗೆಯಲ್ಲಿ ಅರೆಬೆಂದ ಅನಿಲಗಳು ಹೆಚ್ಚುತ್ತವೆ.

ಎರಡು ಮುಖದ ಅಣು

ಎಣ್ಣೆಸ್ನಾನದ ದಿನ ತಲೆಯ ಜಿಡ್ಡನ್ನು ಬರಿಯ ನೀರು ತೆಗೆಯಲಾರದು, ಸೀಗೆಪುಡಿ ಬೇಕು. ಸೀಗೆಯಲ್ಲಿರುವ ಸಪೋನಿನ್ ಅಣುವಿಗೆ ಎರಡು ಮುಖಗಳಿವೆ: ಒಂದಕ್ಕೆ ನೀರು ಪ್ರಿಯ, ಇನ್ನೊಂದಕ್ಕೆ ಜಿಡ್ಡು ಪ್ರಿಯ. ಜಿಡ್ಡನ್ನು ಒಂದು ಕೈಯಲ್ಲಿ ಹಿಡಿದು, ನೀರಿಗೆ ಇನ್ನೊಂದು ಕೈ ಕೊಟ್ಟು, ಅದು ಜಿಡ್ಡನ್ನು ಹೊರಕ್ಕೆ ಸಾಗಿಸುತ್ತದೆ. ಹೀಗೆ ಶುಚಿಮಾಡುವ ದ್ರವ್ಯಗಳಿಗೆ ಮಾರ್ಜಕಗಳೆಂದು ಹೆಸರು. ಅಂಗಡಿಯಲ್ಲಿ ನಾವು ಡಿಟರ್ಜೆಂಟ್ ಎಂದು ಕೇಳಿ ಕೊಳ್ಳುವುದೂ ಮಾರ್ಜಕವನ್ನೇ.

ಪೆಟ್ರೋಲಿನಲ್ಲಿ ಕೆಲಸಮಾಡಬೇಕಾದ ಮಾರ್ಜಕದಲ್ಲಿ ಈ ಏರ್ಪಾಡು ತಿರುಗುಮುರುಗಾಗಿರುತ್ತದೆ. ಇಲ್ಲಿ ತೊಳೆಯುವ ದ್ರವವೇ ಎಣ್ಣೆಯ ಜಾತಿಯದು. ಆದುದರಿಂದ ಅಣುವಿನ ಉದ್ದವಾದ ಬಾಲ ಹೈಡ್ರೊಕಾರ್ಬನ್ ಸರಪಳಿಯಾಗಿದ್ದು ಪೆಟ್ರೋಲಿನಲ್ಲಿ ಸುಲಭವಾಗಿ ಕರಗಿರುತ್ತದೆ. ತಲೆಯಲ್ಲಿ ಸಾರಜನಕವುಳ್ಳ ಅಮೈನ್ ಎಂಬ ಗುಂಪು ಇರುತ್ತದೆ. ಆ ತಲೆ ಲೋಹಕ್ಕೂ, ಆಮ್ಲಜನಕದೊಡನೆ ಕೂಡಿ ಹುಟ್ಟಿದ ಅಂಟಿಗೂ ಅಂಟಿಕೊಳ್ಳುತ್ತದೆ. ಇದರಿಂದ ಎರಡು ಪ್ರಯೋಜನಗಳು. ಲೋಹದ ಮೇಲೆ ಮಾರ್ಜಕದ ತೆಳುಪದರ ಹರಡಿ ಹೊಸ ಕಿಟ್ಟಕ್ಕೆ ಎಡೆ ತಪ್ಪುತ್ತದೆ. ಹಳೆಯ ಕಿಟ್ಟದ ಕಣಗಳು ಸಡಿಲಗೊಂಡು, ಪೆಟ್ರೋಲಿನೊಡನೆ ಹೋಗಿ ಉರಿದುಹೋಗುತ್ತವೆ.

1950ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಮೊದಲ ಮಾರ್ಜಕಗಳು ಕಾರ್ಬ್ಯುರೇಟರನ್ನು ಶುಚಿಯಾಗಿಡಲು ಸಾಕಾಗಿದ್ದುವು. ಆದರೆ ಕವಾಟದ ಕಾವನ್ನು ಆ ಸಣ್ಣ ಅಣುಗಳು ತಾಳಲಾರವು. ಅಲ್ಲಿ ಅವು ತಾವೇ ಸೀದು ಕಿಟ್ಟಕ್ಕೆ ಸೇರಿಕೊಳ್ಳಬಹುದು. ಮುಂದೆ ಉದ್ದನೆಯ ಬಾಲವುಳ್ಳ ಪಾಲಿಐಸೊಬ್ಯುಟಿಲೀನ್ ಅಮೈನ್, ಪಾಲಿಈಥರ್ ಅಮೈನ್ ಮೊದಲಾದವು ಬಂದುವು. ಇಂದು ಬಂಕುಗಳು ತಮ್ಮ ಗುಟ್ಟೆಂದು ಸಾರುವ ದ್ರವ್ಯಗಳು ಹೆಚ್ಚಾಗಿ ಈ ಕುಟುಂಬಕ್ಕೆ ಸೇರಿದವೇ.

ಬಲೂನಿನ ಪಾಠ

ಇಷ್ಟು ತಿಳಿದ ಮೇಲೆ ಒಂದು ಹಳೆಯ ಜಾಹೀರಾತನ್ನು ನಾವು ನೆನೆಯಬೇಕು. 1970ರಲ್ಲಿ ಕ್ಯಾಲಿಫೋರ್ನಿಯದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯು ತನ್ನ ಶೆವ್ರಾನ್ ಪೆಟ್ರೋಲಿಗೆ ಎಫ್-310 ಎಂಬ ಹೊಸ ಮಾರ್ಜಕವನ್ನು ಸೇರಿಸಿತು. ಅದರ ಪ್ರಚಾರಕ್ಕಾಗಿ ದೂರದರ್ಶನದಲ್ಲಿ ಒಂದು ದೃಶ್ಯವನ್ನು ತೋರಿಸಿದರು. ಕಾರಿನ ಹೊಗೆನಳಿಗೆಗೆ ಪಾರದರ್ಶಕವಾದ ದೊಡ್ಡ ಬಲೂನನ್ನು ಕಟ್ಟಿದ್ದಾರೆ. ಅದು ಕಪ್ಪು ಹೊಗೆಯಿಂದ ತುಂಬುತ್ತದೆ. ಆರು ಟ್ಯಾಂಕ್ ಹೊಸ ಪೆಟ್ರೋಲನ್ನು ಉರಿಸಿದ ಬಳಿಕ ಮತ್ತೆ ಬಲೂನು ಕಟ್ಟುತ್ತಾರೆ. ಈ ಸಲ ಅದು ಸ್ಫಟಿಕದಂತೆ ತಿಳಿಯಾಗಿ ಉಬ್ಬುತ್ತದೆ. ಇದನ್ನು ನೋಡಿದವರು ಏನೆಂದುಕೊಂಡಾರು? ಹೊಗೆಯ ವಿಷವೆಲ್ಲ ಹೋಯಿತೆಂದಲ್ಲವೇ?

ಬೆಳ್ಳಗಿರುವುದೆಲ್ಲ ಹಾಲಲ್ಲ. ಬಲೂನಿನಲ್ಲಿ ಕಣ್ಣಿಗೆ ಕಪ್ಪಾಗಿ ಕಂಡುದು ಮಸಿಯ ಕಣಗಳು. ಕಾರ್ಬನ್ ಮಾನಾಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನು ತಡೆಯುವುದಿಲ್ಲ; ಉರಿಯದೆ ಉಳಿದ ಹೈಡ್ರೊಕಾರ್ಬನ್ ಆವಿಯೂ ಹಾಗೆಯೇ. ಬಲೂನು ತಿಳಿಯಾಗಿದ್ದ ಮಾತ್ರಕ್ಕೆ ಅದರೊಳಗೆ ವಿಷವಿಲ್ಲವೆಂದಾಗಲಿಲ್ಲ. ಅದಲ್ಲದೆ, ಮೊದಲ ಬಲೂನನ್ನು ಕಟ್ಟುವ ಮುಂಚೆ ಆ ಕಾರನ್ನು ಎಂಜಿನ್ನು ಕೊಳೆಯಾಗಲೆಂದೇ ತಯಾರಿಸಿದ ಪೆಟ್ರೋಲಿನಲ್ಲಿ ಓಡಿಸಿದ್ದರು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಜಾಹೀರಾತು ಜನರನ್ನು ದಾರಿತಪ್ಪಿಸುವಂಥದೆಂದು ತೀರ್ಮಾನಿಸಿತು. 1978ರಲ್ಲಿ ಮೇಲ್ಮನವಿ ನ್ಯಾಯಾಲಯವು ಆಜ್ಞೆಯ ವ್ಯಾಪ್ತಿಯನ್ನು ಕುಗ್ಗಿಸಿತಾದರೂ ಆ ತೀರ್ಮಾನವನ್ನು ಎತ್ತಿಹಿಡಿಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಎಫ್-310 ಕೆಲಸಕ್ಕೆ ಬಾರದ ವಸ್ತುವಾಗಿರಲಿಲ್ಲ. ಕೊಳೆಯಾದ ಎಂಜಿನ್ನನ್ನು ಶುಚಿಗೊಳಿಸುವ ಶಕ್ತಿ ಅದಕ್ಕಿತ್ತು. ತಪ್ಪಿದ್ದುದು ವಸ್ತುವಿನಲ್ಲಲ್ಲ, ಸಾಕ್ಷ್ಯದಲ್ಲಿ. ನಿಜವಾದ ಗುಣವನ್ನೂ ಸುಳ್ಳು ಪ್ರಯೋಗದಿಂದ ಸಾರಬಹುದು. ವಿಜ್ಞಾನದ ವಿದ್ಯಾರ್ಥಿಗಳು ಮರೆಯಬಾರದ ಪಾಠವಿದು.

ಕಣ್ಣಲ್ಲ, ತಕ್ಕಡಿ

ಹಾಗಾದರೆ ಸರಿಯಾದ ಪ್ರಯೋಗ ಯಾವುದು? ಉತ್ತರ ಸರಳ: ಹೊಸ ಕವಾಟಗಳನ್ನು ತೂಗಿ ಎಂಜಿನ್ನಿಗೆ ಜೋಡಿಸಬೇಕು, ಗೊತ್ತಾದ ದೂರ ಓಡಿಸಬೇಕು, ಬಿಚ್ಚಿ ಮತ್ತೆ ತೂಗಬೇಕು. ಹೆಚ್ಚಿದ ತೂಕವೇ ಕಿಟ್ಟ. ಅಮೆರಿಕದಲ್ಲಿ ಬಳಕೆಗೆ ಬಂದ ಒಂದು ಪ್ರಸಿದ್ಧ ಪರೀಕ್ಷೆಯಲ್ಲಿ ಬಿ.ಎಂ.ಡಬ್ಲ್ಯೂ. ಕಾರನ್ನು 10,000 ಮೈಲಿ ಓಡಿಸುತ್ತಿದ್ದರು. ಕವಾಟವೊಂದಕ್ಕೆ ಸರಾಸರಿ 100 ಮಿಲಿಗ್ರಾಮಿಗಿಂತ ಹೆಚ್ಚು ಕಿಟ್ಟ ಕೂರಬಾರದೆಂಬುದು ಮಿತಿ.

ಈ ಮಿತಿ ಎಷ್ಟು ಬಿಗಿಯೆಂಬುದನ್ನು ಲೆಕ್ಕಹಾಕೋಣ. 10,000 ಮೈಲಿ ಎಂದರೆ ಸುಮಾರು 16,000 ಕಿಲೋಮೀಟರ್. ಕಾರು ಲೀಟರಿಗೆ 10 ಕಿಲೋಮೀಟರ್ ಓಡುವುದೆಂದು ಭಾವಿಸಿದರೆ ಖರ್ಚಾಗುವ ಪೆಟ್ರೋಲು 1,600 ಲೀಟರ್. ತೂಕ ಸುಮಾರು 1,200 ಕಿಲೋಗ್ರಾಂ. ನಾಲ್ಕು ಪ್ರವೇಶ ಕವಾಟಗಳ ಮೇಲೆ ತಲಾ 100 ಮಿಲಿಗ್ರಾಂ ಕಿಟ್ಟವೆಂದರೆ ಒಟ್ಟು 0.4 ಗ್ರಾಂ. ಎಂದರೆ, ಹಾದುಹೋದ ಪೆಟ್ರೋಲಿನ ಮೂವತ್ತು ಲಕ್ಷದಲ್ಲಿ ಒಂದು ಪಾಲು! ಇಷ್ಟು ಅಲ್ಪವಾದುದು ಒಂದು ಎಂಜಿನ್ನಿನ ನಡತೆಯನ್ನು ಕೆಡಿಸಬಲ್ಲುದಾದರೆ, ಸಾವಿರದಲ್ಲೊಂದಕ್ಕಿಂತ ಕಡಿಮೆ ಪಾಲಿನ ಮಾರ್ಜಕ ಅದನ್ನು ಕಾಯಬಲ್ಲುದೆಂಬುದರಲ್ಲಿ ಆಶ್ಚರ್ಯವಿಲ್ಲ.

ಅಮೆರಿಕದ ಸರ್ಕಾರವು 1995ರ ಜನವರಿಯಿಂದ ಎಲ್ಲ ಪೆಟ್ರೋಲಿಗೂ ಮಾರ್ಜಕ ಬೆರಸುವುದನ್ನು ಕಡ್ಡಾಯಗೊಳಿಸಿತು. ಆದರೆ ಕನಿಷ್ಠವೆಂದು ಗೊತ್ತಾದ ಪ್ರಮಾಣ ಸಾಲದೆಂದು ವಾಹನ ತಯಾರಕರಿಗೆ ತೋರಿತು. 2004ರಲ್ಲಿ ಬಿ.ಎಂ.ಡಬ್ಲ್ಯೂ., ಜನರಲ್ ಮೋಟಾರ್ಸ್, ಹೋಂಡಾ, ಟೊಯೋಟಾ ಕಂಪನಿಗಳು ಸೇರಿ, ಟಾಪ್ ಟಿಯರ್ ಎಂಬ ಹೆಸರಿನಲ್ಲಿ, ಇನ್ನೂ ಬಿಗಿಯಾದ ಮಟ್ಟವೊಂದನ್ನು ರೂಪಿಸಿದುವು. 2016ರಲ್ಲಿ ಅಲ್ಲಿಯ ವಾಹನ ಸವಾರರ ಸಂಘವಾದ ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಷನ್, ಈ ಮಟ್ಟದ ಪೆಟ್ರೋಲುಗಳನ್ನೂ ಉಳಿದವನ್ನೂ ಒಂದೇ ಬಗೆಯ ಎಂಜಿನ್ನಿನಲ್ಲಿ 100 ಗಂಟೆಗಳ ಕಾಲ, ಎಂದರೆ 4,000 ಮೈಲಿ ಓಟಕ್ಕೆ ಸಮನಾಗಿ, ಉರಿಸಿ ನೋಡಿತು. ಆ ಮಟ್ಟವನ್ನು ಮುಟ್ಟದ ಪೆಟ್ರೋಲುಗಳು ಸರಾಸರಿ 19 ಮಡಿ ಹೆಚ್ಚು ಕಿಟ್ಟವನ್ನು ಬಿಟ್ಟಿದ್ದುವು. ಎರಡರ ಬೆಲೆಯಲ್ಲಿದ್ದ ವ್ಯತ್ಯಾಸವೋ, ಗ್ಯಾಲನ್ನಿಗೆ ಸರಾಸರಿ ಮೂರು ಸೆಂಟು ಮಾತ್ರ.

ಎದುರಿನ ಬಂಕಿಗೆ ಹೋದವರ ಮಾತಿನಲ್ಲಿಯೂ ಅರ್ಧ ನಿಜವಿರಬಹುದೆಂದು ನಾವು ಹೇಳಿದುದು ಇದಕ್ಕಾಗಿಯೇ. ಆದರೆ ಹತ್ತೊಂಬತ್ತು ಮಡಿ ಎಂಬ ಸಂಖ್ಯೆಯನ್ನು ಕಂಡು ಬೆರಗಾಗಬಾರದು. ಅಲ್ಪವಾದುದರ ಹತ್ತೊಂಬತ್ತು ಮಡಿಯೂ ಗ್ರಾಮುಗಳ ಲೆಕ್ಕದಲ್ಲಿ ಅಲ್ಪವೇ. ಅದರ ಫಲ ಒಂದು ದಿನದಲ್ಲಿ ಕಾಣುವುದಿಲ್ಲ. ಸಾವಿರಾರು ಕಿಲೋಮೀಟರುಗಳ ಮೇಲೆ ಕಾಣುತ್ತದೆ. ನಿನ್ನೆ ತುಂಬಿಸಿದ ಪೆಟ್ರೋಲಿನಿಂದ ಇಂದೇ ಗಾಡಿ ಹಗುರವಾಗಿ ಓಡುತ್ತಿದೆ ಎನ್ನುವವರು ಮಾರ್ಜಕದ ಗುಣವನ್ನು ಹೇಳುತ್ತಿಲ್ಲ, ತಮ್ಮ ಮನಸ್ಸಿನ ಉಲ್ಲಾಸವನ್ನು ಹೇಳುತ್ತಿದ್ದಾರೆ.

ಮೂರು ಎಚ್ಚರಿಕೆಗಳು

ಒಂದನೆಯದಾಗಿ, ಮಾರ್ಜಕ ಬೇರೆ, ಆಕ್ಟೇನ್ ಸಂಖ್ಯೆ ಬೇರೆ. ಆಕ್ಟೇನ್ ಸಂಖ್ಯೆಯು ಒತ್ತಡಕ್ಕೆ ಸಿಕ್ಕಿದ ಪೆಟ್ರೋಲು ತಾನಾಗಿ ಸಿಡಿಯದೆ ಕಿಡಿಗಾಗಿ ಎಷ್ಟು ಕಾಯಬಲ್ಲುದೆಂಬುದರ ಅಳತೆ, ಶುಚಿತ್ವದ ಅಳತೆಯಲ್ಲ. ಸಾಮಾನ್ಯ ದರ್ಜೆಯೇ ಸಾಕೆಂದು ತಯಾರಕರು ಹೇಳಿರುವ ಎಂಜಿನ್ನಿಗೆ ಹೆಚ್ಚಿನ ಆಕ್ಟೇನಿನಿಂದ ಬಲ ಬರುವುದಿಲ್ಲ. ಅಮೆರಿಕದ ಸವಾರರು ಹೀಗೆ ಅನಾವಶ್ಯಕವಾಗಿ ಒಂದು ವರ್ಷದಲ್ಲಿ 210 ಕೋಟಿ ಡಾಲರುಗಳನ್ನು ಕಳೆದರೆಂದು ಅದೇ ಸಂಘ 2016ರಲ್ಲಿ ಲೆಕ್ಕಹಾಕಿತು. ಟಾಪ್ ಟಿಯರ್ ನಿಯಮದಂತೆ ಮಾರ್ಜಕವು ಅಗ್ಗದ ದರ್ಜೆಯಲ್ಲಿಯೂ ಇರಲೇಬೇಕು.

ಎರಡನೆಯದಾಗಿ, ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದೆಂದಲ್ಲ. ಕೆಲವು ಮಾರ್ಜಕಗಳು ಕವಾಟವನ್ನು ಶುಚಿಗೊಳಿಸುತ್ತಲೇ ದಹನಕೋಣೆಯೊಳಗಿನ ಕಿಟ್ಟವನ್ನು ಹೆಚ್ಚಿಸುತ್ತವೆ. ಸೀಗೆಯೇ ಆದರೂ ಮಿತಿಯಲ್ಲಿರಬೇಕು.

ಮೂರನೆಯದಾಗಿ, ಎಂಜಿನ್ನಿನ ರಚನೆಯನ್ನೂ ನೋಡಬೇಕು. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೆ ಸಿಂಪಡಿಸುವ ಈಚಿನ ಎಂಜಿನ್ನುಗಳಲ್ಲಿ ಪೆಟ್ರೋಲು ಪ್ರವೇಶ ಕವಾಟದ ಬೆನ್ನನ್ನು ಮುಟ್ಟುವುದೇ ಇಲ್ಲ. ಮುಟ್ಟದುದನ್ನು ಅದು ತೊಳೆಯುವುದೆಂತು? ಅಲ್ಲಿ ಮಾರ್ಜಕದಿಂದ ಇಂಜೆಕ್ಟರಿಗೆ ರಕ್ಷಣೆ ದೊರೆಯುತ್ತದೆ, ಕವಾಟಕ್ಕಲ್ಲ.

ನಮ್ಮಲ್ಲಿಯೂ ಭಾರತ್ ಪೆಟ್ರೋಲಿಯಮ್ಮಿನ ಸ್ಪೀಡ್, ಹಿಂದುಸ್ತಾನ್ ಪೆಟ್ರೋಲಿಯಮ್ಮಿನ ಪವರ್ ಮೊದಲಾದ ಹೆಸರುಗಳಲ್ಲಿ ಇಂಥ ದ್ರವ್ಯಗಳನ್ನು ಬೆರಸಿದ ಪೆಟ್ರೋಲು ಹೆಚ್ಚಿನ ಬೆಲೆಗೆ ದೊರೆಯುತ್ತದೆ. ಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆ ಬಂದಾಗ ವಾಚಕರು ಮೂರು ವಿಷಯಗಳನ್ನು ಕೇಳಿಕೊಳ್ಳಲಿ: ನಮ್ಮ ಎಂಜಿನ್ನು ಯಾವ ಬಗೆಯದು? ತಯಾರಕರು ಕೈಪಿಡಿಯಲ್ಲಿ ಏನು ಹೇಳಿದ್ದಾರೆ? ಜಾಹೀರಾತು ನಮಗೆ ತೋರಿಸುತ್ತಿರುವುದು ಬಲೂನನ್ನೋ, ತಕ್ಕಡಿಯನ್ನೋ? ಈ ಕೊನೆಯ ಪ್ರಶ್ನೆಯನ್ನು ಪೆಟ್ರೋಲಿಗೆ ಮಾತ್ರವಲ್ಲ, ಅಂಗಡಿಯಲ್ಲಿ ಕೊಳ್ಳುವ ಇತರ ವಸ್ತುಗಳಿಗೂ ಕೇಳಬಹುದು.