ಬಾಯಿ–ಗಂಟಲಿನ ಕ್ಯಾನ್ಸರ್: ಇಮ್ಯುನೋಥೆರಪಿ ಯಾರಿಗೆ?

ತಂಬಾಕು, ಗುಟ್ಕಾ, ಅಡಿಕೆ, ಬೀಡಿ ಮತ್ತು ಮದ್ಯಪಾನ ಬಾಯಿ, ನಾಲಿಗೆ, ಗಂಟಲಿನ ಕ್ಯಾನ್ಸರಿಗೆ ಮುಖ್ಯ ಕಾರಣಗಳು. ಇಳಕಲ್ಲಿನ ಮಗ್ಗವಿರಲಿ, ಹುನಗುಂದ–ಬಾದಾಮಿಯ ಹೊಲವಿರಲಿ, ದಣಿವು ಮರೆಯಲೆಂದು ಹಾಕಿಕೊಂಡ ಚಟವೇ ಮುಂದೆ ರೋಗವಾಗಬಹುದು. ರೋಗ ಪತ್ತೆಯಾದಾಗ ಕೆಲವು ಬಂಧುಗಳು, "ಆಪರೇಷನ್ ಬೇಡ, ಹೊಸ ಇಂಜೆಕ್ಷನ್ ಕೊಡಿ" ಎನ್ನುತ್ತಾರೆ. ಅಂಥವರಿಗಾಗಿ ಈ ಮಾಹಿತಿ.

ಇದು ಹೇಗೆ ಕೆಲಸ ಮಾಡುತ್ತದೆ?
ನಮ್ಮ ರಕ್ತದ ಬಿಳಿ ಕಣಗಳು ಕ್ಯಾನ್ಸರ್ ಕಣಗಳನ್ನು ಗುರುತಿಸಿ ಕೊಲ್ಲಬಲ್ಲವು. ಆದರೆ ಕ್ಯಾನ್ಸರ್ ಕಣವು ಹೋರಿಗೆ ಮೂಗುದಾರ ಹಾಕಿದಂತೆ ಅವುಗಳನ್ನು ತಡೆದು ನಿಲ್ಲಿಸುತ್ತದೆ. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಎಂಬ ಔಷಧಿಗಳು ಆ ಮೂಗುದಾರವನ್ನು ಬಿಡಿಸುತ್ತವೆ. ಅಂಗಡಿಯಲ್ಲಿ ಸಿಗುವ "ರೋಗನಿರೋಧಕ ಶಕ್ತಿ" ಪುಡಿ, ಕಷಾಯಗಳು ಇಮ್ಯುನೋಥೆರಪಿ ಅಲ್ಲ.

ಯಾರಿಗೆ ಕೊಡುತ್ತಾರೆ?
ಹೆಚ್ಚಾಗಿ, ರೋಗ ಮರುಕಳಿಸಿದಾಗ ಅಥವಾ ಬೇರೆ ಅಂಗಗಳಿಗೆ ಹರಡಿದಾಗ. ಎಲ್ಲರಿಗೂ ಇದು ಫಲ ಕೊಡುವುದಿಲ್ಲ. ಆರಂಭದ ಹಂತದಲ್ಲಿ ಶಸ್ತ್ರಚಿಕಿತ್ಸೆ, ರೇಡಿಯೇಷನ್‌ಗಳೇ ಮುಖ್ಯ ಚಿಕಿತ್ಸೆ. ಇಂಜೆಕ್ಷನ್ ಆಸೆಗೆ ಅವನ್ನು ಮುಂದೂಡಿದರೆ ಗುಣವಾಗಬಹುದಾದ ರೋಗವೂ ಕೈಮೀರುತ್ತದೆ.

ಖರ್ಚು ಹೆಚ್ಚಲ್ಲವೇ?
ಪೂರ್ಣ ಪ್ರಮಾಣದ ಔಷಧಿ ಬಹಳ ದುಬಾರಿ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು, ರೋಗ ಮುಂದುವರಿದ 151 ಜನರಲ್ಲಿ ನಡೆಸಿದ ಅಧ್ಯಯನವನ್ನು 2022ರಲ್ಲಿ ಪ್ರಕಟಿಸಿದರು. ಎರಡು ವಾರಕ್ಕೊಮ್ಮೆ 240 ಮಿ.ಗ್ರಾಂ. ಕೊಡುವ ನಿವೊಲುಮ್ಯಾಬನ್ನು ಮೂರು ವಾರಕ್ಕೊಮ್ಮೆ ಕೇವಲ 20 ಮಿ.ಗ್ರಾಂ. ಕೊಟ್ಟರು, ಜೊತೆಗೆ ಮೂರು ಬಗೆಯ ಮಾತ್ರೆಗಳು. ಮಾತ್ರೆ ಮಾತ್ರ ಪಡೆದವರಲ್ಲಿ ವರ್ಷದ ನಂತರ ಬದುಕಿದ್ದವರು ನೂರಕ್ಕೆ ಸುಮಾರು 16. ಇಂಜೆಕ್ಷನ್ ಸಹ ಪಡೆದವರಲ್ಲಿ ಸುಮಾರು 43. ಇದು ಪೂರ್ಣ ಗುಣದ ಭರವಸೆಯಲ್ಲ; ಆದರೆ ಬಡವರಿಗೂ ಎಟುಕಬಹುದಾದ ದಾರಿ. ನಿಮಗೆ ಇದು ಹೊಂದುವುದೇ ಎಂದು ಕ್ಯಾನ್ಸರ್ ತಜ್ಞರನ್ನು ಕೇಳಿರಿ. ಹುಬ್ಬಳ್ಳಿಯ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗಳಲ್ಲಿಯೂ ವಿಚಾರಿಸಬಹುದು. ಹೋಗುವಾಗ ಬಯಾಪ್ಸಿ ವರದಿ, ಸ್ಕ್ಯಾನ್, ರೇಷನ್ ಕಾರ್ಡ್, ಆಧಾರ್ ಒಯ್ಯಿರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಯಾವ ಚಿಕಿತ್ಸೆಗೆ ನೆರವಿದೆ ಎಂಬುದನ್ನು ಮೊದಲೇ ಕೇಳಿ ತಿಳಿಯಿರಿ.

ಚಿಕಿತ್ಸೆ ಪಡೆಯುವವರು ಗಮನಿಸಿ
ಮೂಗುದಾರ ಬಿಚ್ಚಿದ ಹೋರಿ ಕೆಲವೊಮ್ಮೆ ನಮ್ಮ ಬೆಳೆಯನ್ನೇ ತುಳಿಯುತ್ತದೆ. ಅಂತೆಯೇ ಬಿಳಿ ಕಣಗಳು ಶರೀರದ ಒಳ್ಳೆಯ ಅಂಗಗಳ ಮೇಲೂ ಎರಗಬಹುದು. ಭೇದಿ, ಒಣಕೆಮ್ಮು, ಉಬ್ಬಸ, ಕಾಮಾಲೆ, ಮೈತುರಿಕೆ, ಅತಿಯಾದ ಸುಸ್ತು ಕಂಡರೆ ಅದೇ ದಿನ ವೈದ್ಯರಿಗೆ ತಿಳಿಸಿರಿ. ಇಂಜೆಕ್ಷನ್ ನಿಂತು ತಿಂಗಳುಗಳಾದ ಮೇಲೂ ಇವು ಬರಬಹುದು.

ನೆನಪಿಡಿ
* ಬಾಯಲ್ಲಿ ಮೂರು ವಾರದಲ್ಲಿ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಕಷ್ಟ, ಕುತ್ತಿಗೆಯಲ್ಲಿ ಗಂಟು, ಒಡೆದ ದನಿ ಇದ್ದರೆ ಕೂಡಲೇ ತೋರಿಸಿರಿ.
* ಚಿಕಿತ್ಸೆ ಯಾವುದೇ ಇರಲಿ, ತಂಬಾಕು, ಗುಟ್ಕಾ, ಅಡಿಕೆ ಇಂದೇ ಬಿಡಿರಿ.