ಫೋನು ನಮ್ಮದು, ವ್ಯವಸ್ಥೆ ಊರಿನದು

ಆಂಡ್ರಾಯ್ಡ್‌ನಿಂದ ಐಫೋನ್‌ಗೆ ಹೋಗಿ, ಅಲ್ಲಿಂದ ಮರಳಿ ಆಂಡ್ರಾಯ್ಡ್‌ಗೆ ಬಂದ ಮೇಲೆ ನನಗೆ ಮನದಟ್ಟಾದದ್ದು ಇಷ್ಟು: ಫೋನಿಗೆ ದುಡ್ಡು ಕೊಡುವವರು ನಾವು, ಆದರೆ ಅದರೊಳಗೆ ಯಾವ ವ್ಯವಸ್ಥೆ ಇದ್ದರೆ ಕೆಲಸ ಸಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ನಾವಿರುವ ಊರು. ದೊಡ್ಡ ನಗರಗಳಲ್ಲಿ ಕೂತು ಮಾಡುವ ಹೋಲಿಕೆಗಳು ಕ್ಯಾಮೆರಾ, ಬ್ಯಾಟರಿ, ಪ್ರೊಸೆಸರ್ ಎಂದು ಸಾಗುತ್ತವೆ. ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಫೋನ್ ಬದಲಾಯಿಸಿದವರ ಕೈಕಟ್ಟುವುದು ಇವು ಯಾವುವೂ ಅಲ್ಲ. ಕನ್ನಡದಲ್ಲಿ ಮೊದಲಿನಷ್ಟು ಬೇಗ ಟೈಪ್ ಮಾಡಲು ಆಗುವುದಿಲ್ಲ, ಬೀದರ್‌ನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಕೊಡಬೇಕಾದ ದುಡ್ಡು ಹೋಗುವುದಿಲ್ಲ, ಅರ್ಜಿಗೆ ಲಗತ್ತಿಸಿದ ಫೋಟೊ ಸ್ವೀಕಾರವಾಗುವುದಿಲ್ಲ. ಪಕ್ಕದವರನ್ನು ಕೇಳೋಣವೆಂದರೆ ಅವರ ಫೋನಿನಲ್ಲಿ ಆ ಸೆಟ್ಟಿಂಗ್ ಬೇರೆಲ್ಲೋ ಇರುತ್ತದೆ. ಈ ಕೊನೆಯದೇ ಎಲ್ಲಕ್ಕಿಂತ ದೊಡ್ಡ ತೊಡಕು. ಫೋನ್ ಬಳಸುವ ತಿಳಿವಳಿಕೆ ನಮ್ಮಲ್ಲಿ ಯಾರಿಗೂ ಕೈಪಿಡಿ ಓದಿ ಬಂದದ್ದಲ್ಲ. ಅಣ್ಣನ ಮಗ, ಮೊಬೈಲ್ ಅಂಗಡಿಯ ಹುಡುಗ, ಗ್ರಾಮ ಒನ್ ಕೇಂದ್ರದವರು ತೋರಿಸಿಕೊಟ್ಟು ಬಂದದ್ದು. ಭಾರತದ ನೂರು ಸ್ಮಾರ್ಟ್‌ಫೋನ್‌ಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಆಂಡ್ರಾಯ್ಡ್ ಆಗಿರುವಾಗ, ಹೀಗೆ ಬಾಯಿಂದ ಬಾಯಿಗೆ ಹರಿಯುವ ತಿಳಿವಳಿಕೆಯೂ ಆಂಡ್ರಾಯ್ಡ್‌ನದೇ. ಅದನ್ನು ಬಿಟ್ಟು ಹೋಗುವವರು ಸಾಧನವನ್ನಷ್ಟೇ ಬಿಟ್ಟು ಹೋಗುವುದಿಲ್ಲ, ನೆರವಿಗೆ ಬರುವ ಜನರನ್ನೂ ಬಿಟ್ಟು ಹೋಗುತ್ತಾರೆ.

ಐಫೋನ್ ಮಾತು ಬಂದೊಡನೆ ಇದು ಉಳ್ಳವರ ಚಿಂತೆ ಎನ್ನುವವರಿದ್ದಾರೆ. ಅವರು ಜಿಯೋಫೋನನ್ನು ಮರೆತಿದ್ದಾರೆ. 2017ರ ಜುಲೈನಲ್ಲಿ, 1500 ರೂಪಾಯಿ ಠೇವಣಿ ಇಟ್ಟರೆ ಸಿಗುತ್ತದೆ, ಆ ದುಡ್ಡೂ ಮುಂದೆ ಮರಳುತ್ತದೆ ಎಂಬ ಘೋಷಣೆಯೊಂದಿಗೆ ಬಂದ ಬಟನ್ ಫೋನ್ ಅದು. ಅದರೊಳಗೆ ಇದ್ದದ್ದು ಆಂಡ್ರಾಯ್ಡೂ ಅಲ್ಲ, ಐಒಎಸ್ಸೂ ಅಲ್ಲ, ಕೈಒಎಸ್ ಎಂಬ ಮೂರನೆಯದು. 2018ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ವಾಟ್ಸ್‌ಆ್ಯಪ್ ಬಂದಾಗ, ಟಚ್ ಫೋನ್ ಕೊಳ್ಳಲಾಗದ ಮನೆಗಳಿಗೂ ಪುಣೆ, ಹೈದರಾಬಾದ್‌ಗಳಲ್ಲಿ ದುಡಿಯುವ ಮಕ್ಕಳ ದನಿ ಬಂತು. ದನಿ ಎಂದು ಸುಮ್ಮನೆ ಹೇಳುತ್ತಿಲ್ಲ. ಓದುಬರಹ ಬಾರದವರಿಗೆ ವಾಟ್ಸ್‌ಆ್ಯಪ್ ಎಂದರೆ ಧ್ವನಿ ಸಂದೇಶವೇ. ಮುಂದೆ ಅವರು ಆಂಡ್ರಾಯ್ಡ್ ಟಚ್ ಫೋನ್‌ಗೆ ಬಂದಾಗ ಆ ಸಂದೇಶಗಳನ್ನು ತರುವ ದಾರಿಯನ್ನು ಯಾರೂ ಮಾಡಿಕೊಟ್ಟಿರಲಿಲ್ಲ. ಕೈಒಎಸ್‌ನ ವಾಟ್ಸ್‌ಆ್ಯಪ್‌ಗೆ ಗೂಗಲ್ ಡ್ರೈವ್ ಬ್ಯಾಕಪ್ ಇರಲಿಲ್ಲ. ನಂಬರ್ ಬಂತು, ಮಾತು ಬರಲಿಲ್ಲ. ಈಗ ವಾಟ್ಸ್‌ಆ್ಯಪ್ ಆ ಫೋನುಗಳನ್ನೇ ಕೈಬಿಟ್ಟಿದೆ. ನೋಕಿಯಾ ಲೂಮಿಯಾ ಹಿಡಿದಿದ್ದವರಿಗೂ 2019ರ ಡಿಸೆಂಬರ್ 31ರಂದು ಇದೇ ಗತಿ ಬಂದಿತ್ತು: ವಿಂಡೋಸ್ ಫೋನ್‌ಗಳಲ್ಲಿ ವಾಟ್ಸ್‌ಆ್ಯಪ್ ಅಂದಿಗೆ ನಿಂತಿತು. ವ್ಯವಸ್ಥೆ ಬದಲಾಯಿಸುವುದು ಎಲ್ಲರಿಗೂ ಶೋಕಿಯಲ್ಲ. ಹಲವರನ್ನು ವ್ಯವಸ್ಥೆಯೇ ಹೊರಗೆ ಹಾಕುತ್ತದೆ, ಹಾಗೆ ಹೊರಬಂದವರಲ್ಲಿ ಹೆಚ್ಚು ಕಳೆದುಕೊಳ್ಳುವವರು ಕಡಿಮೆ ಬೆಲೆಯ ಫೋನ್ ಹಿಡಿದವರು.

ಭಾಷೆಯ ವಿಷಯಕ್ಕೆ ಬರುತ್ತೇನೆ. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಬೀದರ್ ಜಿಲ್ಲೆ ನಮ್ಮದು. ಇಲ್ಲಿ ಕನ್ನಡ ತಾನಾಗಿ ದಕ್ಕಿದ್ದಲ್ಲ. ಜೊತೆಗೆ ಒಬ್ಬರೇ ಮನುಷ್ಯರು ಮನೆಯಲ್ಲಿ ಕನ್ನಡ, ಉದಗೀರ್‌ನ ಬೀಗರೊಂದಿಗೆ ಮರಾಠಿ, ಅಂಗಡಿಯಲ್ಲಿ ಉರ್ದು ಆಡುತ್ತಾರೆ. ಹಾಗಾಗಿ ನಮಗೆ ಬೇಕಾದದ್ದು ಬೆರಳಿನಡಿ ಭಾಷೆ ಬದಲಾಗುವ ಫೋನ್. ಆಂಡ್ರಾಯ್ಡ್ 2014ರ 5.0 ಆವೃತ್ತಿಯಲ್ಲೇ ಇಡೀ ಫೋನನ್ನು ಕನ್ನಡಕ್ಕೆ ತಿರುಗಿಸಿಕೊಳ್ಳಲು ಬಿಟ್ಟಿತು. ಐಫೋನ್‌ಗೆ ಕನ್ನಡ ಕೀಬೋರ್ಡ್ ಬಂದದ್ದು 2017ರ ಐಒಎಸ್ 11ರಲ್ಲಿ. ಮೆನು, ಸೆಟ್ಟಿಂಗ್ ಎಲ್ಲವೂ ಕನ್ನಡದಲ್ಲಿ ಸಿಕ್ಕಿದ್ದು 2025ರ ಐಒಎಸ್ 18.4ರಲ್ಲಿ. ಈ ಹನ್ನೊಂದು ವರ್ಷದ ಅಂತರದಲ್ಲಿ ಜನರ ಬೆರಳು ಒಂದು ರೂಢಿಗೆ ಬಿದ್ದುಬಿಟ್ಟಿದೆ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಜಿಬೋರ್ಡ್, 2017ರ ಆಗಸ್ಟ್‌ನಿಂದ ಕನ್ನಡ, ಮರಾಠಿ, ಉರ್ದು ಮೂರನ್ನೂ ಕೇಳಿ ಬರೆದುಕೊಳ್ಳುತ್ತಿರುವ ಗೂಗಲ್‌ನ ಧ್ವನಿ ಟೈಪಿಂಗ್, ಇವು ಕೈಗೆ ಹತ್ತಿವೆ. ಐಫೋನ್‌ಗೂ ಜಿಬೋರ್ಡ್ ಹಾಕಿಕೊಂಡರಾಯಿತಲ್ಲ ಎನ್ನಬಹುದು. ಹಾಕಿಕೊಳ್ಳಬಹುದು, ನಿಜ. ಆದರೆ ಪಾಸ್‌ವರ್ಡ್ ಕೇಳುವ ಜಾಗ ಬಂದಾಗಲೆಲ್ಲ ಐಫೋನ್ ಹೊರಗಿನ ಕೀಬೋರ್ಡನ್ನು ತೆಗೆದು ತನ್ನದನ್ನೇ ಮುಂದಿಡುತ್ತದೆ. ಸುರಕ್ಷತೆಗಾಗಿ ಮಾಡಿದ ಏರ್ಪಾಡು ಅದು. ಆದರೂ ಒಂದೇ ಕೀಲಿಮಣೆಗೆ ಒಗ್ಗಿದ ಹಿರಿಯರು ಅಲ್ಲಿ ಗಲಿಬಿಲಿಗೊಳ್ಳುತ್ತಾರೆ. ಉರ್ದು ಓದುವವರ ಕಡೆಯಿಂದ ನೋಡಿದರೆ ತಕ್ಕಡಿ ಇನ್ನೊಂದು ಬದಿಗೆ ವಾಲುತ್ತದೆ. ಬೀದರ್‌ನ ಉರ್ದು ಓದುಗರಿಗೆ ಪತ್ರಿಕೆಗಳಿಂದ ರೂಢಿಯಾದ ಇಳಿಜಾರಿನ ನಸ್ತಾಲೀಕ್ ಬರಹವನ್ನು ಐಫೋನ್ 2017ರಿಂದಲೇ ಕೊಡುತ್ತಿದೆ, ಬಹುತೇಕ ಆಂಡ್ರಾಯ್ಡ್ ಫೋನುಗಳು ಈಗಲೂ ಉರ್ದುವನ್ನು ಅರಬ್ಬಿಯ ನಸ್ಖ್ ಶೈಲಿಯಲ್ಲಿ ತೋರಿಸುತ್ತವೆ. ಒಂದೇ ಓಣಿಯ ಎರಡು ಮನೆಗಳಿಗೆ ಎರಡು ಉತ್ತರ ಬರುವುದು ಹೀಗೆ.

ದುಡ್ಡಿನ ಮಾತು ಇನ್ನೂ ಬಿಗಿ. ಯುಪಿಐ ಎಂಬುದು ನಂಬರ್‌ಗೆ ಮಾತ್ರ ಕಟ್ಟಿಕೊಂಡಿಲ್ಲ, ಸಿಮ್ ಕೂತಿರುವ ಆ ನಿರ್ದಿಷ್ಟ ಫೋನಿಗೂ ಕಟ್ಟಿಕೊಂಡಿದೆ. ಫೋನ್ ಬದಲಾದರೆ ಆ್ಯಪ್ ಹೊಸದಾಗಿ ಸಿಮ್‌ನಿಂದ ಒಂದು ಎಸ್‌ಎಂಎಸ್ ಕಳಿಸಿ ಗುರುತು ಹಿಡಿಸಿಕೊಳ್ಳಬೇಕು. ಆಂಡ್ರಾಯ್ಡ್‌ನಲ್ಲಿ ಅನುಮತಿ ಕೊಟ್ಟರೆ ಅದು ತಾನೇ ಹೋಗುತ್ತದೆ. ಐಫೋನ್‌ನಲ್ಲಿ ಅರ್ಥವಾಗದ ಅಕ್ಷರಗಳಿರುವ ಸಂದೇಶವೊಂದು ತೆರೆದುಕೊಂಡು, ಅದರಲ್ಲಿ ಒಂದಕ್ಷರವನ್ನೂ ಅಳಿಸದೆ ನಾವೇ ಕಳಿಸುವ ಗುಂಡಿ ಒತ್ತಬೇಕು. ಇದು ತಿಳಿಯದವರು ಯಾವುದೋ ಮೋಸದ ಸಂದೇಶವೆಂದು ಹಿಂದೆ ಸರಿಯುತ್ತಾರೆ. ಎಚ್ಚರ ಇರುವವರು ಸರಿಯುವುದೇ ಸಹಜ. ಕರೆ, ಡೇಟಾ ಇದ್ದೂ ಎಸ್‌ಎಂಎಸ್ ಇಲ್ಲದ ರೀಚಾರ್ಜ್ ಹಾಕಿಸಿದ್ದರೆ ಅಲ್ಲಿಗೇ ನಿಂತಿತು. ಎಲ್ಲ ಸರಿಹೋದ ಮೇಲೂ ಮೊದಲ 24 ಗಂಟೆ 5000 ರೂಪಾಯಿಯ ಮಿತಿ. ಕೆಲವು ಬ್ಯಾಂಕುಗಳು ಐಫೋನ್‌ನಲ್ಲಿ ಈ ಮಿತಿಯನ್ನು 72 ಗಂಟೆಯವರೆಗೆ ಇಡುತ್ತವೆ. ಸಂಬಳದವರಿಗೆ ಇದು ಗೊತ್ತೇ ಆಗಲಿಕ್ಕಿಲ್ಲ. ಸೋಯಾ ರಾಶಿ ಮುಗಿದು, ಅಡತಿ ಅಂಗಡಿಯಲ್ಲಿ ಹಮಾಲಿ, ಗಾಡಿ ಬಾಡಿಗೆ, ಚೀಲದ ಲೆಕ್ಕ ಅಂದಂದೇ ಚುಕ್ತಾ ಆಗಬೇಕಾದ ದಿನಗಳಲ್ಲಿ ಮೂರು ದಿನದ ಮಿತಿ ಎಂದರೆ ವ್ಯವಹಾರ ನಿಂತಂತೆಯೇ. ಮಿತಿ ತಪ್ಪೆಂದು ನಾನು ಹೇಳಲಾರೆ. ಕದ್ದ ನಂಬರ್‌ನಿಂದ ಖಾತೆ ಬರಿದಾಗದಂತೆ ತಡೆಯುವುದು ಅದೇ. ಆದರೆ ಫೋನ್ ಮಾರುವ ಯಾವ ಜಾಹೀರಾತೂ ಈ ಮೂರು ದಿನಗಳ ಮಾತು ಎತ್ತುವುದಿಲ್ಲ.

ಸರ್ಕಾರದ ಕೆಲಸಗಳಲ್ಲಿ ಊರಿನ ವ್ಯವಸ್ಥೆ ಯಾವುದೆಂಬುದು ಇನ್ನಷ್ಟು ಸ್ಪಷ್ಟ. ರೈತರೇ ತಮ್ಮ ಹೊಲದಲ್ಲಿ ನಿಂತು, ಜಿಪಿಎಸ್ ಹಿಡಿದು, ನಿಂತ ಬೆಳೆಯ ಫೋಟೊ ಹಾಕುವ ಬೆಳೆ ಸಮೀಕ್ಷೆಯ ಆ್ಯಪ್ 2020ರ ಮುಂಗಾರಿನಲ್ಲಿ ರೈತರ ಕೈಗೆ ಬಂದದ್ದು ಪ್ಲೇ ಸ್ಟೋರ್ ಮೂಲಕ. ತೊಗರಿ, ಸೋಯಾ, ಹೆಸರು, ಉದ್ದಿನ ಈ ಜಿಲ್ಲೆಯಲ್ಲಿ ಬೆಳೆ ವಿಮೆಗೂ ಬೆಂಬಲ ಬೆಲೆಗೂ ಆ ಸಮೀಕ್ಷೆಯ ದಾಖಲೆ ಬೇಕು. ಹೊಲದ ಕೆಲಸ ನೋಡುವ ಮಗನ ಕೈಯಲ್ಲಿ ಐಫೋನ್ ಇದ್ದರೆ ಸಮೀಕ್ಷೆಗೆ ಪಕ್ಕದ ಹೊಲದವರ ಫೋನನ್ನೋ, ಇಲಾಖೆ ನೇಮಿಸಿದ ಖಾಸಗಿ ನಿವಾಸಿಯನ್ನೋ ಕಾಯಬೇಕಾಗುತ್ತದೆ. ಉದ್ಯೋಗ, ವಿದ್ಯಾರ್ಥಿವೇತನಗಳ ಅರ್ಜಿಯಲ್ಲಿ ಇನ್ನೊಂದು ತೊಡಕು. ಐಫೋನ್ 2017ರಿಂದ ಫೋಟೊಗಳನ್ನು ಹೀಕ್ ಎಂಬ ರೂಪದಲ್ಲಿ ಉಳಿಸುತ್ತದೆ. ಅರ್ಜಿಗಳು ಕೇಳುವುದು ಜೆಪೆಗ್. ಕೆಲವೊಮ್ಮೆ ಫೋನೇ ರೂಪ ಬದಲಿಸಿ ಕಳಿಸುತ್ತದೆ, ಕೆಲವೊಮ್ಮೆ ಹೀಕ್ ಆಗಿಯೇ ಹೋಗಿ ಆನ್‌ಲೈನ್ ಸೆಂಟರ್‌ನ ಹಳೆಯ ಕಂಪ್ಯೂಟರ್ ಅದನ್ನು ತೆರೆಯದೆ ಕೂರುತ್ತದೆ. ಮದ್ದು ಸುಲಭ: ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್, ಅಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಒತ್ತಿದರೆ ಮುಗಿಯಿತು. ಆದರೆ ಅರ್ಜಿಯ ಕೊನೆಯ ದಿನ ಸಾಲಿನಲ್ಲಿ ನಿಂತವರಿಗೆ ಇದನ್ನು ಹೇಳಬಲ್ಲವರು ಆ ಕೋಣೆಯಲ್ಲಿ ಇರಬೇಕಲ್ಲ.

ನನ್ನ ವಾದಕ್ಕೆ ಬರುವ ಗಟ್ಟಿ ಆಕ್ಷೇಪ ಬಾಳಿಕೆಯದು. ಐಫೋನ್‌ಗೆ ಆರೇಳು ವರ್ಷ ಹೊಸ ಆವೃತ್ತಿ ಬರುತ್ತದೆ. 2018ರ ಐಫೋನ್ ಎಕ್ಸ್‌ಎಸ್‌ಗೆ 2024ರ ಐಒಎಸ್ 18 ಸಿಕ್ಕಿತು. ಏಳು ವರ್ಷದ ಭರವಸೆ ಆಂಡ್ರಾಯ್ಡ್ ಕಡೆ ಬಂದದ್ದು 2023ರ ಪಿಕ್ಸೆಲ್ 8, 2024ರ ಗ್ಯಾಲಕ್ಸಿ ಎಸ್24ರಂಥ ದುಬಾರಿ ಫೋನುಗಳಿಗೆ. ಹತ್ತು ಸಾವಿರದ ಫೋನಿಗೆ ಭದ್ರತೆಯ ಅಪ್‌ಡೇಟ್ ಬೇಗ ನಿಲ್ಲುತ್ತದೆ, ದುಡ್ಡೆಲ್ಲ ಫೋನಿನಲ್ಲೇ ಓಡಾಡುವ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಬಾಳಿಕೆಯ ಅರ್ಧ ಭಾಗ ರಿಪೇರಿ. ಊರಿನ ಅಂಗಡಿಯಲ್ಲಿ ಹೊರಗಿನ ಡಿಸ್‌ಪ್ಲೇ ಹಾಕಿಸಿದರೆ ಈಚಿನ ಐಫೋನ್ ಅದನ್ನು 'ಅನ್‌ನೋನ್ ಪಾರ್ಟ್' ಎಂದು ಸೆಟ್ಟಿಂಗ್ಸ್‌ನಲ್ಲೇ ಬರೆದಿಡುತ್ತದೆ, ಮಾರುವಾಗ ಬೆಲೆ ಬೀಳುತ್ತದೆ. ಎರಡನೆಯ ಆಕ್ಷೇಪ ಯುವಕರದು: ಎಲ್ಲವೂ ಕ್ಲೌಡ್‌ನಲ್ಲಿದೆ, ಲಾಗಿನ್ ಆದರೆ ಸಾಕು. ಅದು ಅರ್ಧ ನಿಜ. ಆಂಡ್ರಾಯ್ಡ್‌ನ ವಾಟ್ಸ್‌ಆ್ಯಪ್ ಬ್ಯಾಕಪ್ ಗೂಗಲ್ ಖಾತೆಗೆ ಹೋಗುತ್ತದೆ, ಐಫೋನ್‌ನದು ಐಕ್ಲೌಡ್‌ಗೆ. ಒಂದರಿಂದ ತೆಗೆದು ಇನ್ನೊಂದರಲ್ಲಿ ಕೂರಿಸಲಾಗದು. ಒಂದರಲ್ಲಿ ಬಿಟ್ಟಿ ಸಿಗುವುದು 15 ಜಿಬಿ, ಇನ್ನೊಂದರಲ್ಲಿ 5 ಜಿಬಿ. ಆಂಡ್ರಾಯ್ಡ್‌ನಿಂದ ಐಫೋನ್‌ಗೆ ಚಾಟ್ ಸಾಗಿಸುವ ಅಧಿಕೃತ ದಾರಿ ತೆರೆದದ್ದೇ 2022ರಲ್ಲಿ, ಅದೂ 'ಮೂವ್ ಟು ಐಒಎಸ್' ಮೂಲಕ, ಐಫೋನ್ ಹೊಚ್ಚ ಹೊಸದಾಗಿಯೋ ಪೂರ್ತಿ ಅಳಿಸಿದ್ದಾಗಿಯೋ ಇದ್ದರೆ ಮಾತ್ರ. ಮೊದಲು ಫೋನ್ ತೆರೆದು ವಾರ ಬಳಸಿ, ಆಮೇಲೆ ಹಳೆಯ ಚಾಟ್ ತರೋಣವೆಂದರೆ ಎಲ್ಲ ಅಳಿಸಿ ಮೊದಲಿನಿಂದ ಶುರುಮಾಡಬೇಕು.

ಹಾಗಾದರೆ ಊರೆಲ್ಲ ಆಂಡ್ರಾಯ್ಡ್ ಎಂದು ಎಲ್ಲರೂ ಅಲ್ಲೇ ಇರಬೇಕೇ, ಒಂದೇ ಕಂಪನಿಯ ಕೈಗೆ ಜಿಲ್ಲೆಯನ್ನೇ ಕೊಟ್ಟಂತಾಗಲಿಲ್ಲವೇ? ಇದು ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ. ಆಂಡ್ರಾಯ್ಡ್ ಮಾರುಕಟ್ಟೆಯಲ್ಲಿನ ಪ್ರಾಬಲ್ಯದ ದುರುಪಯೋಗಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1337.76 ಕೋಟಿ ರೂಪಾಯಿ ದಂಡ ಹಾಕಿತು, ಭಯ ಸುಳ್ಳಲ್ಲ. ಆದರೆ ಬಿಡುಗಡೆ ಬಳಕೆದಾರರ ಜಾಣತನದಿಂದ ಬರುವಂಥದ್ದಲ್ಲ, ನಿಯಮದಿಂದ ಬರುವಂಥದ್ದು. 2011ರ ಜನವರಿ 20ರಂದು ದೇಶವಿಡೀ ನಂಬರ್ ಪೋರ್ಟಬಿಲಿಟಿ ಬರುವವರೆಗೆ ಸಿಮ್ ಕಂಪನಿ ಬಿಡುವುದೆಂದರೆ ನಂಬರನ್ನೇ ಬಿಡುವುದಾಗಿತ್ತು. ನಿಯಮ ಬಂದ ಮೇಲೆ ಒಂದು ಎಸ್‌ಎಂಎಸ್‌ನಿಂದ ಆ ಕೆಲಸ ಶುರುವಾಗುತ್ತದೆ. ಫೋನಿನೊಳಗಿನ ಸರಂಜಾಮಿಗೂ ಇಂಥದೇ ಹಕ್ಕು ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿಯ 2018ರ ಕರಡಿನಲ್ಲಿ ಇತ್ತು, 2019ರ ಮಸೂದೆಯಲ್ಲೂ ಇತ್ತು: ನಮ್ಮ ಮಾಹಿತಿಯನ್ನು ಬಳಸಬಹುದಾದ ರೂಪದಲ್ಲಿ ಪಡೆದು ಬೇರೆಡೆಗೆ ಒಯ್ಯುವ ಹಕ್ಕು. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಉಳಿಯಲಿಲ್ಲ. ಆ ಹಕ್ಕು ಮರಳಿ ಬರಬೇಕು. ಸರ್ಕಾರದ ಪ್ರತಿ ಆ್ಯಪ್ ಬ್ರೌಸರ್‌ನಲ್ಲೂ ತೆರೆಯುವಂತಿರಬೇಕು. ವ್ಯವಸ್ಥೆ ಬದಲಾದಾಗ ಹಳೆಯದರಲ್ಲಿ ಸಿಕ್ಕಿಕೊಂಡ ಕಾಗದ ಏನಾಗುತ್ತದೆಂಬುದು ಈ ಜಿಲ್ಲೆಗೆ ಗೊತ್ತು. 1956ರಲ್ಲಿ ಹೈದರಾಬಾದ್ ರಾಜ್ಯದಿಂದ ಮೈಸೂರಿಗೆ ಸೇರಿ ಇಷ್ಟು ದಶಕಗಳಾದರೂ, ಹಳೆಯ ಉರ್ದು ಭೂದಾಖಲೆ ಓದಿ ಹೇಳುವವರನ್ನು ಹುಡುಕಿಕೊಂಡು ಹೋಗುವ ಕುಟುಂಬಗಳು ಇನ್ನೂ ಇವೆ.

ನಿಯಮ ಬರುವ ತನಕ, ಬದಲಾಯಿಸಲೇಬೇಕೆಂದವರಿಗೆ ನಾನು ಹೇಳುವುದು ಬದಲಾವಣೆಗೆ ತಿಂಗಳು ಮೊದಲೇ ಮಾಡಬೇಕಾದ ಕೆಲಸಗಳನ್ನು. ಹೆಸರು, ನಂಬರ್‌ಗಳನ್ನು ಸಿಮ್‌ನಿಂದಲೂ ಫೋನಿನಿಂದಲೂ ತೆಗೆದು ಎರಡೂ ಕಡೆ ತೆರೆಯುವ ಒಂದು ಇಮೇಲ್ ಖಾತೆಗೆ ಹಾಕಿ. ಫೋಟೊಗಳನ್ನು ಪೆನ್ ಡ್ರೈವ್‌ಗೆ ಇಳಿಸಿ. ಗುರುತಿನ ಪತ್ರಗಳು ಡಿಜಿಲಾಕರ್‌ನಲ್ಲಿರಲಿ. ಕಳೆಯಬಾರದ ಧ್ವನಿ ಸಂದೇಶಗಳನ್ನು ಚಾಟ್‌ನಿಂದ ಹೊರತೆಗೆದು ಕಡತವಾಗಿ ಇಟ್ಟುಕೊಳ್ಳಿ. ಹೆಸರು, ಉದ್ದು, ಸೋಯಾ ಗಂಜ್‌ಗೆ ಬರುವ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಫೋನ್ ಬದಲಾಯಿಸಬೇಡಿ. ಹಳೆಯ ಫೋನ್ ನಮ್ಮ ಮನೆಗಳಲ್ಲಿ ಮಾರಾಟಕ್ಕೆ ಹೋಗುವುದು ಕಡಿಮೆ, ಅವ್ವನ ಕೈಗೋ ಕಾಲೇಜಿಗೆ ಹೋಗುವ ತಂಗಿಯ ಕೈಗೋ ಹೋಗುವುದು ಹೆಚ್ಚು. ಹಾಗೆ ಕೊಡುವ ಮೊದಲು ನಿಮ್ಮ ಗೂಗಲ್ ಖಾತೆಯನ್ನು ಅದರಿಂದ ತೆಗೆದು, ಆಮೇಲೆ ರೀಸೆಟ್ ಮಾಡಿ, ಅವರ ಹೆಸರಲ್ಲೇ ಹೊಸ ಖಾತೆ ತೆರೆದುಕೊಡಿ. ಖಾತೆ ತೆಗೆಯದೆ ಬಟನ್ ಒತ್ತಿ ರೀಸೆಟ್ ಮಾಡಿದರೆ ಫೋನ್ ಹಳೆಯ ಪಾಸ್‌ವರ್ಡ್ ಕೇಳುತ್ತಾ ಕೂರುತ್ತದೆ, ನೀವು ಆ ಹೊತ್ತಿಗೆ ಹೈದರಾಬಾದಿನಲ್ಲಿರುತ್ತೀರಿ.